ಏಪ್ರಿಲ್‌ನ ಥಾಯ್ಲೆಂಡ್ ಪ್ಯಾಕೇಜ್: ಸೆಕೆಯೂ ಹಬ್ಬವೂ ಹಿಡಿಸದ ವೇಳಾಪಟ್ಟಿ

ಥಾಯ್ಲೆಂಡ್‌ನ ಹೊಸ ವರ್ಷದ ನೀರೆರಚಾಟದ ಹಬ್ಬ ಸಾಂಗ್‌ಕ್ರಾನ್. ಮಂಗಳೂರಿನ ಪ್ರವಾಸ ಸಂಸ್ಥೆಯೊಂದು ‘ಸಾಂಗ್‌ಕ್ರಾನ್ ವಿಶೇಷ’ ಎಂಬ ಹೆಸರಿನಲ್ಲಿ ಮಾರಿದ ಆರು ರಾತ್ರಿಗಳ ಥಾಯ್ಲೆಂಡ್ ಪ್ಯಾಕೇಜನ್ನು 2024ರ ಏಪ್ರಿಲ್‌ನಲ್ಲಿ ನಾವು ನಾಲ್ವರು, ಅಂದರೆ ನಾನು, ಪತ್ನಿ, 72 ವರ್ಷದ ನನ್ನ ತಾಯಿ ಮತ್ತು ಕಾಲೇಜಿಗೆ ಹೋಗುವ ಮಗ, ತೆಗೆದುಕೊಂಡಿದ್ದೆವು. ಬೆಂಗಳೂರಿನಿಂದ ಹೊರಟು ಬೆಂಗಳೂರಿಗೆ ಮರಳುವವರೆಗೆ ತಲಾ 64,500 ರೂಪಾಯಿ. ಉಡುಪಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನ ಖರ್ಚು ನಮ್ಮದೇ. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ನಮ್ಮ ತಕರಾರಿನ ಬಹುಪಾಲು ಅವರೊಬ್ಬರ ಮೇಲಿನದಲ್ಲ, ಏಪ್ರಿಲ್ ತಿಂಗಳನ್ನು ಡಿಸೆಂಬರ್‌ನಂತೆಯೇ ಮಾರುವ ಅಭ್ಯಾಸದ ಮೇಲಿನದು. ಐದರಲ್ಲಿ ಎರಡು ಅಂಕ ಕೊಡುತ್ತೇನೆ. ಆ ಎರಡರಲ್ಲಿ ಒಂದೂವರೆ ಉತ್ತರ ಥಾಯ್ಲೆಂಡ್‌ನ ಪಟ್ಟಣವಾದ ಚಿಯಾಂಗ್ ಮಾಯ್‌ನ ಸ್ಥಳೀಯ ಮಾರ್ಗದರ್ಶಿಗೆ ಸಲ್ಲಬೇಕಾದದ್ದು.

ಮೊದಲು ಹಣದ ಮಾತು ಮುಗಿಸಿಬಿಡುತ್ತೇನೆ. ಬಿಲ್ಲಿನಲ್ಲಿ ‘ವೀಸಾ ನೆರವು’ ಎಂದು ತಲಾ 1,800 ರೂಪಾಯಿ ಸೇರಿಸಲಾಗಿತ್ತು. ಆದರೆ 2023ರ ನವೆಂಬರ್‌ನಿಂದಲೇ ಥಾಯ್ಲೆಂಡ್ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಇಲ್ಲದೆ ಪ್ರವೇಶ ನೀಡುತ್ತಿತ್ತು. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು ಹೊರಬಂದೆವಷ್ಟೆ. ಬ್ಯಾಂಕಾಕಿನ ಅರಮನೆಯ ಪ್ರವೇಶ ಶುಲ್ಕ ಪ್ಯಾಕೇಜಿನಲ್ಲಿ ಸೇರಿದೆ ಎಂದು ಪತ್ರಕದಲ್ಲಿ ಅಚ್ಚಾಗಿತ್ತು. ಅಲ್ಲಿ ಹೋದ ಮೇಲೆ ತಲಾ 500 ಬಾತ್ ನಾವೇ ತೆತ್ತೆವು. ಇವೆರಡರ ಬಗ್ಗೆಯೂ ಲಿಖಿತ ದೂರು ಕೊಟ್ಟಾಗ ಅರಮನೆಯ ಹಣ ಮೂರು ವಾರಗಳಲ್ಲಿ ಮರಳಿ ಬಂತು, ವೀಸಾದ್ದು ಬರಲಿಲ್ಲ.

ಹಣಕ್ಕಿಂತ ದೊಡ್ಡ ದೋಷ ಪತ್ರಕದ ಮುಖಪುಟದಲ್ಲೇ ಇತ್ತು. ಚಿಯಾಂಗ್ ಮಾಯ್ ಪಟ್ಟಣದ ಹಿಂದೆ ನಿಂತಿರುವ ದೋಯ್ ಸುಥೇಪ್ ಬೆಟ್ಟದ ಹಚ್ಚಹಸಿರು ಚಿತ್ರವನ್ನು ಅಲ್ಲಿ ಹಾಕಿದ್ದರು. ಅದು ಮಳೆಗಾಲ ಮುಗಿದ ಮೇಲೆ ತೆಗೆದದ್ದು ಎಂದು ಈಗ ಯಾರು ಕೇಳಿದರೂ ಹೇಳಬಲ್ಲೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಉತ್ತರ ಥಾಯ್ಲೆಂಡ್‌ನಲ್ಲೂ ಗಡಿಯಾಚೆಯ ಮ್ಯಾನ್ಮಾರ್ ಮತ್ತು ಲಾವೋಸ್‌ಗಳಲ್ಲೂ ಕೊಯ್ಲಾದ ಹೊಲಗಳಿಗೆ ಬೆಂಕಿ ಇಡುತ್ತಾರೆ, ಕಾಡೂ ಉರಿಯುತ್ತದೆ, ಆ ಹೊಗೆ ಬೆಟ್ಟಗಳ ನಡುವಿನ ಕಣಿವೆಯಲ್ಲಿ ಮಡುಗಟ್ಟುತ್ತದೆ. ನಾವು ಇಳಿದುಕೊಂಡಿದ್ದ ಹೋಟೆಲಿನ ಮೇಲ್ಮಹಡಿಯಿಂದ ಮೂರು ದಿನವೂ ಆ ಬೆಟ್ಟ ಒಂದು ಬೂದುಬಣ್ಣದ ಗೆರೆಯಾಗಿ ಕಂಡದ್ದೇ ಹೆಚ್ಚು. ತಾಯಿಗೆ ಎರಡನೆಯ ದಿನವೇ ಕೆಮ್ಮು ಹಿಡಿಯಿತು. ಮಾಸ್ಕ್ ತನ್ನಿ ಎಂಬ ಒಂದೇ ಒಂದು ಸಾಲನ್ನು ಪತ್ರಕದಲ್ಲಿ ಸೇರಿಸಿದ್ದರೆ ಸಾಕಿತ್ತು.

ಬಿಸಿಲಿನ ವಿಷಯದಲ್ಲಿ ತಪ್ಪು ನಮ್ಮದೂ ಇದೆ. ಉಡುಪಿಯವರಿಗೆ ಸೆಕೆಯನ್ನು ಯಾರು ಕಲಿಸಬೇಕು ಎಂಬ ಗರ್ವದಲ್ಲಿ ನಾವು ಹೊರಟಿದ್ದೆವು. ಆದರೆ ನಮ್ಮದು ಸಮುದ್ರದ ಪಕ್ಕದ ಸೆಕೆ: ಬೆವರು ಇಳಿಯುತ್ತದೆ, ಬೈರಾಸಿನಲ್ಲಿ ಒರೆಸಿಕೊಳ್ಳುತ್ತೇವೆ, ಸಂಜೆಗೆ ಗಾಳಿ ಬೀಸುತ್ತದೆ. ಚಿಯಾಂಗ್ ಮಾಯ್‌ನದು ಕಡಲಿನಿಂದ ಬಲುದೂರದ ಒಣ ಉರಿ. ಮಧ್ಯಾಹ್ನ 40 ಡಿಗ್ರಿಯ ಹತ್ತಿರ ಹೋಗುವ ಆ ಝಳದಲ್ಲಿ ಬೆವರು ಕಾಣಿಸಿಕೊಳ್ಳುವ ಮುಂಚೆಯೇ ಆರಿಹೋಗುವುದರಿಂದ ಮೈಯ ನೀರು ಎಷ್ಟು ಖಾಲಿಯಾಗಿದೆ ಎಂಬುದು ತಲೆ ತಿರುಗುವವರೆಗೆ ತಿಳಿಯುವುದಿಲ್ಲ. ಬ್ಯಾಂಕಾಕಿಗೆ ಬಂದ ಮೇಲೆ ಮತ್ತೆ ಬೆವರತೊಡಗಿದಾಗ ಊರಿಗೆ ಮರಳಿದಷ್ಟೇ ಸಮಾಧಾನವಾಯಿತು.

ಇಂತಹ ಊರಿನಲ್ಲಿ, ಇಂತಹ ತಿಂಗಳಲ್ಲಿ, ಏಪ್ರಿಲ್ 13ರಂದು ನಮ್ಮ ವೇಳಾಪಟ್ಟಿ ಹೀಗಿತ್ತು: ಬೆಳಿಗ್ಗೆ 10.30ಕ್ಕೆ ದೋಯ್ ಸುಥೇಪ್, 1 ಗಂಟೆಗೆ ಭಾರತೀಯ ಊಟ, 3 ಗಂಟೆಗೆ ‘ನೀರಾಟ’. ಸಾಂಗ್‌ಕ್ರಾನ್ ಎಂದರೆ ಏನು ಎಂದು ತಿಳಿದ ಯಾರೂ ಈ ಪಟ್ಟಿಯನ್ನು ಬರೆಯಲಾರರು. ಬೆಟ್ಟದ ಮೇಲಿನ ದೇವಾಲಯಕ್ಕೆ 300ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಮೇಲಕ್ಕೊಯ್ಯುವ ಚಿಕ್ಕ ಹಳಿಗಾಡಿ ಇರುವುದರಿಂದ ತಾಯಿ ಪಾರಾದರು. ಸಮಸ್ಯೆ ಆದದ್ದು ಇಳಿದ ಮೇಲೆ. 1296ರಲ್ಲಿ ಸ್ಥಾಪನೆಯಾದ ಈ ಊರಿನ ಹಳೆಯ ಭಾಗವನ್ನು ಚೌಕಾಕಾರದ ಕಂದಕವೊಂದು ಸುತ್ತುವರಿದಿದೆ, ಹಬ್ಬದ ನೀರೆರಚಾಟದ ಕೇಂದ್ರವೇ ಆ ಕಂದಕದ ದಂಡೆ. ಅದೇ ದಿನ ಮಧ್ಯಾಹ್ನ ಫ್ರಾ ಸಿಂಗ್ ಎಂಬ ಬುದ್ಧ ವಿಗ್ರಹವನ್ನು ದೇವಾಲಯದಿಂದ ಹೊರತಂದು ಬೀದಿಗಳಲ್ಲಿ ಮೆರವಣಿಗೆ ಮಾಡುತ್ತಾರೆ. ರಥಬೀದಿಯಲ್ಲಿ ಉತ್ಸವ ನಡೆಯುವಾಗ ಯಾರಾದರೂ ಅಲ್ಲಿ ಟೂರಿಸ್ಟ್ ವ್ಯಾನ್ ನುಗ್ಗಿಸಲು ಹೊರಡುತ್ತಾರೆಯೇ? ನಮ್ಮ ವ್ಯಾನ್ ಕಂದಕದ ಹೊರಗಿನ ರಸ್ತೆಯಲ್ಲಿ ಎರಡೂವರೆ ಗಂಟೆ ನಿಂತಿತು. 1 ಗಂಟೆಯ ಊಟ 4 ಗಂಟೆಗೆ ಆಯಿತು, ಮೆರವಣಿಗೆ ಅಷ್ಟರಲ್ಲಿ ಮುಂದೆ ಹೋಗಿತ್ತು, ಮತ್ತು ಅದನ್ನು ನೋಡಲೆಂದೇ ಬಂದಿದ್ದ ನನ್ನ ಪತ್ನಿ ಆ ಸಂಜೆ ಯಾರೊಂದಿಗೂ ಮಾತನಾಡಲಿಲ್ಲ.

ನೀರೆರಚಾಟವನ್ನು ಮಾತ್ರ ತಪ್ಪಿಸಿಕೊಳ್ಳಲು ಯಾರಿಗೂ ಸಾಧ್ಯವಿಲ್ಲ, ಆದ್ದರಿಂದ ಅದಕ್ಕೆ ಪ್ಯಾಕೇಜೂ ಬೇಕಿಲ್ಲ. ಪಿಕಪ್ ವಾಹನಗಳ ಹಿಂಭಾಗದಲ್ಲಿ ಡ್ರಮ್ಮುಗಳು, ಅವುಗಳೊಳಗೆ ಮಲ್ಪೆ ಬಂದರಿನಲ್ಲಿ ಮೀನಿಗೆ ಹಾಕುವಷ್ಟು ದೊಡ್ಡ ಮಂಜುಗಡ್ಡೆಯ ತುಂಡುಗಳು, ಸುತ್ತ ಮನೆಮಂದಿಯೆಲ್ಲ ಬೋಗುಣಿ ಹಿಡಿದು ನಿಂತಿರುತ್ತಾರೆ. ಬಿಸಿಲಿನಲ್ಲಿ ಕಾದ ಬೆನ್ನಿಗೆ ಆ ನೀರು ಬಿದ್ದಾಗ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಕೆನ್ನೆಗೆ ಬಿಳಿ ಜೇಡಿಯ ಪುಡಿಯನ್ನು ಕಲಸಿ ಹಚ್ಚುವವರೂ ಇದ್ದಾರೆ. ಬೌದ್ಧ ಭಿಕ್ಷುಗಳ ಮೇಲೆ ಎರಚಬಾರದು ಎಂಬ ನಿಯಮವನ್ನು ಎಲ್ಲರೂ ಪಾಲಿಸುತ್ತಿದ್ದರು. ವೃದ್ಧರನ್ನು ಕಂಡರೆ ಎರಚದೆ, ತಲೆ ಬಾಗಿ ಭುಜದ ಮೇಲೆ ಸ್ವಲ್ಪವೇ ಸುರಿಯುತ್ತಿದ್ದರು. ಓಡುವ ಬೈಕುಗಳ ಮೇಲೆ ಎರಚುವ ಹುಂಬತನವೂ ಕಣ್ಣಿಗೆ ಬಿತ್ತು. ಹಬ್ಬದ ಈ ವಾರದ ರಸ್ತೆ ಅಪಘಾತಗಳಿಗೆ ಹೆದರಿ ಅಲ್ಲಿನ ಸರಕಾರವೇ ಇದನ್ನು ‘ಏಳು ಅಪಾಯದ ದಿನಗಳು’ ಎಂದು ಕರೆದು ಪ್ರತಿವರ್ಷ ಎಚ್ಚರಿಸುತ್ತದೆ. ಮಗ ಬಾಡಿಗೆ ಸ್ಕೂಟರ್ ಬೇಕೆಂದಾಗ ನಾನು ಒಪ್ಪದಿದ್ದುದಕ್ಕೆ ಅಷ್ಟೇ ಕಾರಣ. ಮೊಬೈಲಿಗೆ ಬೀದಿಯಲ್ಲಿ ಮಾರುವ ಪ್ಲಾಸ್ಟಿಕ್ ಚೀಲವನ್ನು ಮೊದಲ ದಿನವೇ ಕೊಳ್ಳಬೇಕು.

ಏಪ್ರಿಲ್ 14 ನಮಗೆ ಬಿಸು, ತುಳುವರ ಹೊಸ ವರ್ಷ. ಸಾಂಗ್‌ಕ್ರಾನ್ ಎಂಬ ಪದ ನಮ್ಮ ಸಂಕ್ರಾಂತಿಯೇ. ತುಳುವಿನಲ್ಲಿ ಸಂಕ್ರಾಂದಿ ಎನ್ನುತ್ತೇವೆ. ಥಾಯ್ ಬರಹದಲ್ಲಿ ಕೊನೆಯ ತಕಾರ ಉಳಿದಿದ್ದರೂ, ಉಚ್ಚರಿಸಬಾರದೆಂಬ ಗುರುತೊಂದನ್ನು ಅದರ ತಲೆಯ ಮೇಲೆ ಹಾಕಿರುತ್ತಾರೆ. ಸೂರ್ಯ ಮೇಷ ರಾಶಿಗೆ ಬರುವಾಗ ನಮ್ಮಲ್ಲಿ ಪಗ್ಗು ತಿಂಗಳು ಹುಟ್ಟಿದರೆ ಅಲ್ಲಿ ಹಳೆಯ ಲೆಕ್ಕದ ಹೊಸ ವರ್ಷ ಹುಟ್ಟುತ್ತದೆ. ಹೀಗಿರುವಾಗ ಕರಾವಳಿಯವರಿಗೆ ಇದನ್ನು ಮಾರುವ ಸಂಸ್ಥೆ ಪತ್ರಕದಲ್ಲಿ ಯುನೆಸ್ಕೋ 2023ರಲ್ಲಿ ಈ ಹಬ್ಬವನ್ನು ಪರಂಪರೆಯ ಪಟ್ಟಿಗೆ ಸೇರಿಸಿದ್ದನ್ನು ದೊಡ್ಡ ಅಕ್ಷರಗಳಲ್ಲಿ ಹಾಕಿ, ಬಿಸುವಿನ ಮಾತನ್ನೇ ಎತ್ತದಿದ್ದುದು ನನಗೆ ಇಂದಿಗೂ ಸೋಜಿಗ. ತಾಯಿ ಮಾತ್ರ ಮರೆತಿರಲಿಲ್ಲ. ಹಿಂದಿನ ಸಂಜೆ ಮಾವು, ಸೌತೆ, ತೆಂಗಿನಕಾಯಿ ಕೊಂಡು ತಂದು, ಊರಿನಿಂದ ತಂದಿದ್ದ ಅಕ್ಕಿ ಮತ್ತು ಕನ್ನಡಿಯೊಂದಿಗೆ ಹೋಟೆಲ್ ಕೋಣೆಯ ಮೇಜಿನ ಮೇಲೆ ಕಣಿ, ಅಂದರೆ ಬಿಸುವಿನ ಬೆಳಿಗ್ಗೆ ಮೊದಲು ನೋಡುವ ಮಂಗಳವಸ್ತುಗಳನ್ನು, ಇಟ್ಟರು. ಹೋಟೆಲಿನ ಅಂಗಳದಲ್ಲಿ ಕಕ್ಕೆ ಮರ ಹಳದಿ ಹೂವಿನ ಗೊಂಚಲುಗಳನ್ನು ಇಳಿಬಿಟ್ಟು ನಿಂತಿತ್ತು. ಅದು ಥಾಯ್ಲೆಂಡ್‌ನ ರಾಷ್ಟ್ರೀಯ ಹೂವಂತೆ. ಒಂದು ಗೊಂಚಲು ಬೇಕೆಂದು ಸನ್ನೆ ಮಾಡಿದಾಗ ಹೋಟೆಲಿನ ಹುಡುಗಿ ಮೂರು ತಂದುಕೊಟ್ಟಳು. ಹೋಟೆಲಿನ ಬಗ್ಗೆ ಬೇರೆ ಮಾತು ಬೇಕಿಲ್ಲ. ಕೋಣೆ ತಂಪು, ಹಾಸಿಗೆ ಶುಭ್ರ.

ಉತ್ತರ ಥಾಯ್ಲೆಂಡ್‌ನಲ್ಲಿ 14ನೆಯ ತಾರೀಕನ್ನು ‘ವಾನ್ ನಾವ್’ ಎನ್ನುತ್ತಾರೆ. ಆ ದಿನ ಯಾರನ್ನೂ ಬೈಯಬಾರದು, ಕೆಟ್ಟ ಮಾತು ಆಡಬಾರದು. ಆಡಿದರೆ ವರ್ಷವಿಡೀ ಅದೇ ಗತಿ ಎಂಬ ನಂಬಿಕೆ. ಇದು ನನಗೆ ತಿಳಿದದ್ದು ಮಂಗಳೂರಿನ ಕಚೇರಿಗೆ ಫೋನ್ ಮಾಡಿ ಹದಿನೈದು ನಿಮಿಷ ಬೈದು ಮುಗಿಸಿದ ಮೇಲೆ. ಮಾರ್ಗದರ್ಶಿ, ಅದೇ ಊರಿನ ನಡುವಯಸ್ಸಿನ ಹೆಂಗಸು, ನಾನು ಫೋನ್ ಇಡುವವರೆಗೆ ಕಾದು ನಗುತ್ತ ಹೇಳಿದರು. ಆ ಸಂಜೆ ಜನ ನದಿಯ ಮರಳನ್ನು ಬಕೆಟ್ಟುಗಳಲ್ಲಿ ಹೊತ್ತು ದೇವಾಲಯದ ಅಂಗಳಕ್ಕೆ ತಂದು, ಸ್ತೂಪದಂತೆ ಗುಡ್ಡೆ ಮಾಡಿ, ಬಣ್ಣದ ಕಾಗದದ ಪತಾಕೆಗಳನ್ನು ಸಿಕ್ಕಿಸುತ್ತಿದ್ದರು. ವರ್ಷವಿಡೀ ದೇವಾಲಯಕ್ಕೆ ಬಂದು ಹೋಗುವಾಗ ಕಾಲಿಗೆ ಅಂಟಿ ಹೊರಗೆ ಹೋದ ಮರಳನ್ನು ಹೀಗೆ ಹಿಂದಿರುಗಿಸುವುದಂತೆ. ಲೆಕ್ಕ ಚುಕ್ತಾ ಮಾಡುವ ಈ ಕ್ರಮ ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದ ನನಗೆ ಬಹಳ ಹಿಡಿಸಿತು.

15ರ ಬೆಳಿಗ್ಗೆಗೆ ವೇಳಾಪಟ್ಟಿಯಲ್ಲಿದ್ದದ್ದು ‘ಶಾಪಿಂಗ್’. ಹಬ್ಬಕ್ಕೆಂದು ಊರಿನವರೆಲ್ಲ ಅಂಗಡಿ ಮುಚ್ಚಿರುವಾಗ ಯಾವ ಶಾಪಿಂಗ್ ಎಂದು ಕೇಳಿದ ಮಾರ್ಗದರ್ಶಿ, ತಮ್ಮ ಕೇರಿಯ ದೇವಾಲಯಕ್ಕೆ ಏಳು ಗಂಟೆಗೇ ನಮ್ಮನ್ನು ಕರೆದೊಯ್ದರು. ‘ಫಾಯಾ ವಾನ್’ ಎಂಬ ಆ ದಿನ ಕಿರಿಯರು ಹಿರಿಯರ ಕೈಗೆ ನೀರೆರೆದು ಕ್ಷಮೆ ಕೇಳಿ ಆಶೀರ್ವಾದ ಪಡೆಯುತ್ತಾರೆ. ಬಿಸಿಲು ಇನ್ನೂ ಏರಿರಲಿಲ್ಲ. ಹಿರಿಯರು ಸಾಲಾಗಿ ಕುರ್ಚಿಗಳಲ್ಲಿ ಕುಳಿತು ಬೊಗಸೆ ಒಡ್ಡಿದ್ದರು. ಬೆಳ್ಳಿ ಬಣ್ಣದ ಬಟ್ಟಲುಗಳಲ್ಲಿದ್ದ ನೀರಿನ ಮೇಲೆ ಮಲ್ಲಿಗೆ ತೇಲುತ್ತಿತ್ತು, ಅಡಿಯಲ್ಲಿ ಕಂದು ಬಣ್ಣದ, ಸುಟ್ಟ ಪರಿಮಳದ ಕೋಡುಗಳಿದ್ದವು. ತಾಯಿ ಒಂದನ್ನು ಎತ್ತಿ ಮೂಸಿ, “ಇದು ಸೀಗೆಕಾಯಿ ಅಲ್ಲವಾ ಮಾರಾಯ, ನಾವು ತಲೆಗೆ ಹಾಕುವುದು!” ಎಂದರು. ಹೌದು, ಅದೇ. ‘ಸೋಮ್ ಪೋಯ್’ ಎಂದು ಅವರು ಕರೆಯುವ ಈ ಕಾಯನ್ನು ಕೆಂಡದಲ್ಲಿ ಬಾಡಿಸಿ ನೀರಿಗೆ ಹಾಕಿದರೆ ಕೊಳೆಯ ಜೊತೆಗೆ ಕೆಡುಕೂ ತೊಳೆದುಹೋಗುತ್ತದೆ ಎಂದು ನಂಬುತ್ತಾರೆ. ಅವರು ತಾಯಿಗೂ ಒಂದು ಕುರ್ಚಿ ಹಾಕಿದರು. ಪರಿಚಯವಿಲ್ಲದ ಇಪ್ಪತ್ತು ಇಪ್ಪತ್ತೈದು ಮಂದಿ ಒಬ್ಬೊಬ್ಬರಾಗಿ ಬಂದು ಅವರ ಕೈಗೆ ನೀರೆರೆದು ಬಾಗಿದರು. ತಾಯಿ ಪ್ರತಿಯೊಬ್ಬರಿಗೂ ತುಳುವಿನಲ್ಲಿ ಒಳ್ಳೆಯದಾಗಲಿ ಎಂದು ಹರಸಿದರು. ಕೊನೆಗೆ ಸಾಲಿನಲ್ಲಿ ನಿಂತು ನಾನೂ ಎರೆದೆ. ಈ ಒಂದು ಗಂಟೆ ಪ್ಯಾಕೇಜಿನ ಪಟ್ಟಿಯಲ್ಲಿ ಇರಲಿಲ್ಲ.

ಊಟದ ಬಗ್ಗೆ: ತಾಯಿ ಶುದ್ಧ ಸಸ್ಯಾಹಾರಿ, ನಾವು ಮೂವರು ಅಷ್ಟು ಮಡಿಯಲ್ಲ. ‘ದಿನವೂ ಭಾರತೀಯ ಊಟ’ ಎಂಬ ಭರವಸೆಯ ಅರ್ಥ ದಿನವೂ ಅದೇ ಪನೀರ್, ಅದೇ ದಾಲ್; 15ರಂದು ಪಟ್ಟಿಯಲ್ಲಿದ್ದ ಹೋಟೆಲ್ ಬಾಗಿಲನ್ನೇ ತೆರೆದಿರಲಿಲ್ಲ. ಅಲ್ಲಿ ಬಹುತೇಕ ಅಡುಗೆಗೆ ಮೀನಿನ ರಸ ಬೀಳುವುದರಿಂದ ಸಸ್ಯಾಹಾರಿಗಳು ಎರಡು ಮಾತು ಕಲಿತು ಹೋಗುವುದು ಒಳ್ಳೆಯದು. ಒಂದು ‘ಜೇ’, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತಾರೆ, ಅಂತಹ ಅಂಗಡಿಯಲ್ಲಿ ಬೆಳ್ಳುಳ್ಳಿ ಕೂಡ ಇರುವುದಿಲ್ಲ. ಇನ್ನೊಂದು ‘ಮಾಂಗ್‌ಸವಿರಾತ್’, ಅಂದರೆ ಮಾಂಸವಿರತಿ. ಒಮ್ಮೆ ಕೇಳಿದರೆ ಕನ್ನಡಿಗರು ಮರೆಯಲಾರರು. ಬೇಸಿಗೆಯ ವಿಶೇಷವೆಂದು ಮಲ್ಲಿಗೆಯ ಪರಿಮಳ ಕಟ್ಟಿದ ತಣ್ಣೀರಿನಲ್ಲಿ ಅನ್ನವನ್ನು ಮುಳುಗಿಸಿ ಕೊಡುವ ‘ಖಾವ್ ಛೇ’ ಬ್ಯಾಂಕಾಕಿನಲ್ಲಿ ಸಿಕ್ಕಿತು. ಜೊತೆಗೆ ಬರುವ ಸೀಗಡಿ ಉಂಡೆಗಳನ್ನು ನಮ್ಮ ಕಡೆಗೆ ಸರಿಸಿ, ತಾಯಿ ತಮ್ಮ ಚೀಲದಿಂದ ಮಾವಿನ ಮಿಡಿಯ ಉಪ್ಪಿನಕಾಯಿ ತೆಗೆದು ಬಟ್ಟಲು ಖಾಲಿ ಮಾಡಿದರು. ಆರು ದಿನಗಳಲ್ಲಿ ಅವರು ಮನಸಾರೆ ಉಂಡದ್ದು ಅದೊಂದೇ.

ಬ್ಯಾಂಕಾಕಿನ ಎರಡು ದಿನಗಳನ್ನು ಬೇಗ ಹೇಳಿ ಮುಗಿಸಬಹುದು. ಅರಮನೆಯ ಆವರಣದ ದೇವಾಲಯದಲ್ಲಿರುವ ಪಚ್ಚೆ ಬುದ್ಧನ ವಿಗ್ರಹಕ್ಕೆ ವರ್ಷದಲ್ಲಿ ಮೂರು ಬಾರಿ, ಋತುವಿಗೆ ತಕ್ಕಂತೆ, ಅರಸನೇ ಉಡುಪು ಬದಲಿಸುತ್ತಾನೆ. ನಾವು ನೋಡಿದ್ದು ಬೇಸಿಗೆಯ ಉಡುಪಿನಲ್ಲಿ. ಕೃಷ್ಣನ ಬಗೆಬಗೆಯ ಅಲಂಕಾರಗಳನ್ನು ಕಂಡ ನಮಗೆ ಇದು ಸಹಜವಾಗಿಯೇ ಕಂಡಿತು. ಭುಜ, ಮೊಣಕಾಲು ಮುಚ್ಚಿದ ಬಟ್ಟೆ ಕಡ್ಡಾಯ. ಆದರೆ 16ರ ಸಂಜೆಗೆ ‘ಸಿಲೋಮ್ ರಸ್ತೆಯಲ್ಲಿ ಸಾಂಗ್‌ಕ್ರಾನ್ ಸಂಭ್ರಮ’ ಎಂದು ಬರೆದವರು ಒಮ್ಮೆ ಕ್ಯಾಲೆಂಡರ್ ನೋಡಬೇಕಿತ್ತು, ಏಕೆಂದರೆ ಹಬ್ಬ 13ರಿಂದ 15ರವರೆಗೆ. ನಾವು ಹೋದಾಗ ಸಿಲೋಮ್‌ನಲ್ಲಿ ವಾಹನಗಳು ಎಂದಿನಂತೆ ಓಡುತ್ತಿದ್ದವು, ರಸ್ತೆ ಒಣಗಿತ್ತು, ಮತ್ತು ಮಗ ತುಂಬಿದ ಪಿಚಕಾರಿಯನ್ನು ಹೆಗಲಿಗೇರಿಸಿಕೊಂಡು ಕಾಲುದಾರಿಯ ಮೇಲೆ ಒಬ್ಬನೇ ನಿಂತಿದ್ದ.

ಏಪ್ರಿಲ್‌ನಲ್ಲೇ ಹೋಗಬೇಕು ಎನ್ನುವವರು ಈ ಪ್ಯಾಕೇಜನ್ನು ಕೊಳ್ಳದೆ, 12ರಿಂದ 16ರವರೆಗೆ ಒಂದೇ ಊರಿನಲ್ಲಿ, ಕಂದಕದ ಹತ್ತಿರ ನಡೆದು ಹೋಗುವಷ್ಟು ದೂರದಲ್ಲಿ ಕೋಣೆ ಹಿಡಿಯಲಿ. ಬೆಳಿಗ್ಗೆ ಏಳರಿಂದ ಹತ್ತು ದೇವಾಲಯಕ್ಕೆ, ಮಧ್ಯಾಹ್ನ ಕೋಣೆಯೊಳಗೆ, ನಾಲ್ಕರ ನಂತರ ನೀರಿಗೆ. ಅಲ್ಲಿನ ಜನ ಮಾಡುವುದೂ ಇಷ್ಟನ್ನೇ. ಆಸ್ತಮಾ ಇರುವವರನ್ನು ಚಿಯಾಂಗ್ ಮಾಯ್‌ಗೆ ಆ ತಿಂಗಳು ಕರೆದೊಯ್ಯಲೇಬಾರದು.

ಮೊನ್ನೆ ಅದೇ ಸಂಸ್ಥೆಯ ಮುಂದಿನ ವರ್ಷದ ಪತ್ರಕ ಕೈಗೆ ಬಂತು. ‘ವೀಸಾ ನೆರವು’ ಎಂಬ ಸಾಲನ್ನು ತೆಗೆದುಹಾಕಿದ್ದಾರೆ. ಹಚ್ಚಹಸಿರು ಬೆಟ್ಟ ಅಲ್ಲಿಯೇ ಇದೆ.