ಶಿವಮೊಗ್ಗದ ಬ್ಲಾಗಿಗರ ಸಮಾವೇಶ: 600 ರೂಪಾಯಿಗೆ ಏನು ಸಿಕ್ಕಿತು?

ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಪ್ರವೇಶ ಶುಲ್ಕ 600 ರೂಪಾಯಿ. ಅದರಲ್ಲಿ ಎರಡು ದಿನದ ಕಾರ್ಯಕ್ರಮ, ಎರಡು ಮಧ್ಯಾಹ್ನದ ಊಟ, ಒಂದು ಬಟ್ಟೆ ಚೀಲ, ಬರೆಯದ ಒಂದು ಪೆನ್ನು. ವೇದಿಕೆ ಮೇಲಿನ ಭಾಷಣಕ್ಕೆ ಮಾತ್ರ ಇಷ್ಟು ಕೊಡಬೇಕಾ ಅಂದರೆ ಖಂಡಿತ ಬೇಡ. ಆದರೆ ಎರಡನೇ ದಿನ ಹಿಂದಿನ ಪಡಸಾಲೆಯಲ್ಲಿ ನಾಲ್ಕು ಟೇಬಲ್ ಹಾಕಿದ್ದರಲ್ಲ, ಅದೊಂದಕ್ಕೇ ಇನ್ನೂ ನೂರು ಜಾಸ್ತಿ ಕೇಳಿದ್ದರೂ ಕೊಡುತ್ತಿದ್ದೆ.

ನನ್ನದು ತೀರ್ಥಹಳ್ಳಿಯಲ್ಲಿ ಸಣ್ಣ ಡಿಟಿಪಿ ಅಂಗಡಿ. ಜೆರಾಕ್ಸ್, ಮದುವೆ ಕಾರ್ಡು, ಗಣಪತಿ ಹಬ್ಬದ ಬ್ಯಾನರ್ರು, ಇದೇ ಕೆಲಸ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಬ್ಲಾಗ್ ಬರೆಯುತ್ತೇನೆ. ಅಡಿಕೆ ಸುಲಿತ, ಹಳೆ ಮನೆಗಳ ಜಗಲಿ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವ ಬಗೆಗಳು, ಹೀಗೆ. ಯಾರು ಓದುತ್ತಾರೆ ಅನ್ನೋದು ಗೊತ್ತಿಲ್ಲ. ಇವತ್ತು ಇಷ್ಟು ಜನ ಬಂದಿದ್ದರು ಅಂತ ಅಂಕಿ ತೋರಿಸುತ್ತದೆ, ಅಷ್ಟೇ. ಇಂಥ ಸಮಾವೇಶಕ್ಕೆ ಹೋಗಿದ್ದು ಇದೇ ಮೊದಲು. ಮುಂದಿನ ಸಲ ಹೋಗಬೇಕು ಅಂತಿರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಸಮಾವೇಶದ ಹೆಸರು ಹಾಕುವುದಿಲ್ಲ. ನಡೆಸಿದವರು ಈಗಷ್ಟೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು, ಬೈಯುವ ಮಾತೂ ಒಂದಷ್ಟು ಇದೆ. ಹೋದವರಿಗೆ ಯಾವುದು ಅಂತ ಹೇಗೂ ಗೊತ್ತಾಗುತ್ತದೆ.

ಮೊದಲ ಬೈಗುಳ ತಾರೀಕಿಗೆ. ಡಿಸೆಂಬರಿನಲ್ಲಿ ಮಲೆನಾಡಿನವರನ್ನು ಎರಡು ದಿನ ಮನೆಯಿಂದ ಹೊರಡಿಸುವುದು ಸುಲಭ ಅಲ್ಲ. ಅಡಿಕೆ ಕೊಯ್ಲು ನಡೆಯುತ್ತಿರುತ್ತದೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಸಿಕ್ಕಿದ ದಿನವೇ ಕೊನೆ ತೆಗೆಸಬೇಕು, ರಾತ್ರಿ ಸುಲಿಯಬೇಕು, ಬೇಯಿಸಬೇಕು. ಹೊಸನಗರ, ಕೊಪ್ಪದ ಕಡೆ ಚೆನ್ನಾಗಿ ಬರೆಯುವವರು ಕೆಲವರು ಇದ್ದಾರೆ. ಅವರಲ್ಲಿ ಒಬ್ಬರೂ ಕಾಣಲಿಲ್ಲ. ರಾತ್ರಿ ರೈಲು ಹತ್ತಿ ಬಂದ ಬೆಂಗಳೂರಿನವರೇ ಅರ್ಧ ಸಭಾಂಗಣ ತುಂಬಿದ್ದರು.

ಮೊದಲ ದಿನದ ಬೆಳಗ್ಗೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೀಪ, ಪ್ರಾರ್ಥನೆ, ಶಾಲು, ಹಣ್ಣಿನ ಬುಟ್ಟಿ, ಎಲ್ಲ ಮುಗಿದಾಗ ಹನ್ನೊಂದೂವರೆ. ಆಮೇಲೆ ಒಬ್ಬರು ಪರದೆ ತುಂಬ ಇಂಗ್ಲಿಷ್ ಹಾಕಿಕೊಂಡು ದಿನಾ ಬರೆಯಿರಿ, ನಿಮ್ಮತನ ಇರಲಿ, ಓದುಗರನ್ನು ಪ್ರೀತಿಸಿ ಅಂತ ಹೇಳಿದರು. ನನ್ನ ಪಕ್ಕದವರು ಅಷ್ಟನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ಹೊಸಬರು ಈ ಹೊತ್ತಿಗೆ ಹೊರಗೆ ಹೋಗಿ ಟೀ ಕುಡಿದು ಬಂದರೆ ನಷ್ಟ ಏನೂ ಇಲ್ಲ.

ಎದ್ದು ಹೋಗಬಾರದ ಭಾಷಣಗಳೂ ಇದ್ದವು. ಒಬ್ಬ ವಕೀಲರು ಕೃತಿಸ್ವಾಮ್ಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು, ಎಲ್ಲ ನಮ್ಮ ಊರ ಕಡೆಯ ಉದಾಹರಣೆಯಲ್ಲೇ. ನಮ್ಮ ಕಡೆ ಬ್ಲಾಗ್ ಶುರು ಮಾಡಿದವರೆಲ್ಲ ಕುವೆಂಪು ಅವರ ಒಂದು ಕವನ ಪೂರ್ತಿ ಹಾಕುತ್ತಾರೆ, ಅಲ್ವಾ? ನಮ್ಮ ದೇಶದ 1957ರ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಲೆಕ್ಕ ಶುರುವಾಗುವುದು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ. ಕುವೆಂಪು ತೀರಿಕೊಂಡಿದ್ದು 1994ರಲ್ಲಿ. ಅಂದರೆ 2054ರ ಕೊನೆಯವರೆಗೂ ಅನುಮತಿ ಇಲ್ಲದೆ ಪೂರ್ತಿ ಕವನ ಹಾಕುವ ಹಾಗಿಲ್ಲ. ನಾಲ್ಕು ಸಾಲು ತೆಗೆದುಕೊಂಡು ಅದರ ಬಗ್ಗೆ ವಿಮರ್ಶೆ ಬರೆದರೆ ಅದು ಬೇರೆ ವಿಷಯ. ಸಭೆಯಲ್ಲಿ ಸುಮಾರು ಜನ ಫೋನು ತೆಗೆದು ತಮ್ಮ ಬ್ಲಾಗನ್ನೇ ನೋಡತೊಡಗಿದರು.

ದುಡ್ಡು ತೆಗೆದುಕೊಂಡು ವಿಮರ್ಶೆ ಬರೆಯುವ ಬಗ್ಗೆಯೂ ಚರ್ಚೆ ಇತ್ತು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಇದಕ್ಕೆ ಮಾರ್ಗಸೂಚಿ ತಂದಿದೆ. ದುಡ್ಡು ಮಾತ್ರ ಅಲ್ಲ, ಪುಕ್ಕಟೆ ವಸ್ತು ಸಿಕ್ಕಿದ್ದರೂ ಓದುಗರಿಗೆ ಕಾಣುವ ಹಾಗೆ ಹೇಳಬೇಕು. ಇದನ್ನು ಹೇಳಿದವರ ಹಿಂದೆಯೇ ಪ್ರಾಯೋಜಕರ ಕಡೆಯವರು ವೇದಿಕೆ ಹತ್ತಿ ಅರ್ಧ ಗಂಟೆ ತಮ್ಮ ಸಾಮಾನು ಹೊಗಳಿದರು. ಕಾರ್ಯಕ್ರಮ ಪಟ್ಟಿಯಲ್ಲಿ ಅದಕ್ಕೆ ‘ವಿಶೇಷ ಉಪನ್ಯಾಸ’ ಅಂತ ಅಚ್ಚಾಗಿತ್ತು!

ನನ್ನ ವೃತ್ತಿಗೆ ಹತ್ತಿರ ಬಂದಿದ್ದು ಮಧ್ಯಾಹ್ನದ ಯೂನಿಕೋಡ್ ತರಗತಿ, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಅಕ್ಷರ ಸಂಕೇತದ ಪಾಠ. ನಡೆಸಿಕೊಟ್ಟ ಹುಡುಗಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಕೀಬೋರ್ಡಿನ ಮೇಲೆ ಅವಳ ಕೈ ಓಡುವುದನ್ನು ನೋಡಿಯೇ ಕೆಲಸ ಗೊತ್ತಿರುವವಳು ಅನ್ನಿಸಿತು. ಅಂಗಡಿಯಲ್ಲಿ ನಾವು ಈಗಲೂ ಮದುವೆ ಕಾರ್ಡಿಗೆ ನುಡಿ ತಂತ್ರಾಂಶದ ಹಳೆ ಫಾಂಟುಗಳನ್ನೇ ಬಳಸುತ್ತೇವೆ. ಚಂದ ಕಾಣುತ್ತವೆ, ಪ್ರೆಸ್ಸಿನವರೂ ಅದನ್ನೇ ಕೇಳುತ್ತಾರೆ. ಆದರೆ ಅಲ್ಲಿ ಕನ್ನಡ ಇರುವುದು ಕಣ್ಣಿಗೆ ಮಾತ್ರ. ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದೇ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸದೆ ಬ್ಲಾಗಿಗೆ ಹಾಕಿದರೆ ಓದುವವರಿಗೆ ಬರೀ ಗೊಜಲು, ಗೂಗಲ್ ಹುಡುಕಾಟಕ್ಕಂತೂ ಸಿಗುವುದೇ ಇಲ್ಲ. ಇಷ್ಟು ನನಗೆ ಗೊತ್ತಿತ್ತು. ಅವಳು ತೋರಿಸಿದ್ದು ಪರಿವರ್ತನೆ ಆದ ಮೇಲೆ ಕಣ್ಣು ತಪ್ಪುವ ಜಾಗಗಳನ್ನು. ‘ರ‍್ಯಾಂಕ್’ ಹೋಗಿ ಅರ್ಕಾವತ್ತು ಬಂದು ಕೂತಿರುತ್ತದೆ. ಅದನ್ನು ಸರಿ ಮಾಡಲು ರಕಾರದ ಪಕ್ಕ ಕಣ್ಣಿಗೆ ಕಾಣದ ಒಂದು ಜೋಡಣೆ ಚಿಹ್ನೆ ಹಾಕಬೇಕು. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವಷ್ಟೇ ಜಾಗ ಬಿಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ವಿಳಾಸದ ವಿಷಯ ಇನ್ನೂ ಚೆನ್ನಾಗಿತ್ತು. ಕನ್ನಡ ಶೀರ್ಷಿಕೆ ಕೊಟ್ಟ ಬರಹದ ಕೊಂಡಿಯನ್ನು ವಾಟ್ಸಾಪಿನಲ್ಲಿ ಕಳಿಸಿದಾಗ ಶೇಕಡಾ ಚಿಹ್ನೆಗಳ ಉದ್ದ ಬಾಲ ಬರುತ್ತದಲ್ಲ, ಅದು ಯಾಕೆ ಅಂತ ಗೊತ್ತಾಯಿತು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು, ಒಂದೊಂದು ಬೈಟೂ ಕೊಂಡಿಯಲ್ಲಿ ಮೂರು ಚಿಹ್ನೆಯಾಗುತ್ತದೆ. ತೀರ್ಥಹಳ್ಳಿ ಅನ್ನುವ ಒಂದೇ ಪದದಲ್ಲಿ ಗುಣಿತ, ಒತ್ತು ಎಲ್ಲ ಸೇರಿ ಹತ್ತು ಸಂಕೇತ, ಅಂದರೆ 90 ಚಿಹ್ನೆ! ಗೂಗಲ್‌ನ ಬ್ಲಾಗರ್ ತಾಣದಲ್ಲಾದರೆ ಕನ್ನಡ ಶೀರ್ಷಿಕೆಯನ್ನು ಬಿಟ್ಟು ಸುಮ್ನೆ ‘ಬ್ಲಾಗ್ ಪೋಸ್ಟ್’ ಅಂತ ಹೆಸರಿಟ್ಟು ನಂಬರ್ ಹಾಕಿಕೊಳ್ಳುತ್ತದೆ. ಎರಡಕ್ಕೂ ಪರಿಹಾರ ಒಂದೇ. ಪ್ರಕಟಿಸುವ ಮೊದಲೇ ವಿಳಾಸದ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಪದ ನಾವೇ ಬರೆದುಬಿಡುವುದು. ಈ ಒಂದು ತರಗತಿಯನ್ನು ದೊಡ್ಡ ಸಭಾಂಗಣದಲ್ಲಿ ಇಡಬೇಕಿತ್ತು. ಸಣ್ಣ ಕೋಣೆಯಲ್ಲಿ ಇಟ್ಟು ಜನ ಬಾಗಿಲಲ್ಲಿ ನಿಂತು ಕೇಳುವ ಹಾಗಾಯಿತು.

ಈಗ ಆ ಟೇಬಲ್‌ಗಳ ವಿಷಯ. ಕಾರ್ಯಕ್ರಮ ಪಟ್ಟಿಯಲ್ಲಿ ಅದಕ್ಕೆ ಒಂದು ಸಾಲು ಮಾತ್ರ ಇತ್ತು, ‘ಓದುಗರೊಂದಿಗೆ’ ಅಂತ. ಯಾರೋ ಸಾಹಿತಿಗಳ ಸಂವಾದ ಇರಬೇಕು ಅಂದುಕೊಂಡು ತುಂಬ ಜನ ಆ ಕಡೆ ಹೋಗಲೇ ಇಲ್ಲ. ನಡೆದಿದ್ದು ಹೀಗೆ. ಬ್ಲಾಗ್ ಬರೆಯದ, ಆದರೆ ಓದುವ ಅಭ್ಯಾಸ ಇರುವ ಕಾಲೇಜು ಹುಡುಗ ಹುಡುಗಿಯರನ್ನು ಕರೆಸಿದ್ದರು. ಟೇಬಲಿನ ಒಂದು ಕಡೆ ಅವರು, ಇನ್ನೊಂದು ಕಡೆ ನಾವು. ಅವರು ತಮ್ಮ ಫೋನಿನಲ್ಲಿ ನಮ್ಮ ಒಂದು ಬರಹ ತೆಗೆದು ಓದುತ್ತಾರೆ, ಮನಸ್ಸಿಗೆ ಬಂದಿದ್ದನ್ನು ಬಾಯಿಬಿಟ್ಟು ಹೇಳುತ್ತಾರೆ. ಅವರು ಓದಿ ಮುಗಿಸುವ ತನಕ ಬರೆದವರು ಬಾಯಿ ತೆರೆಯುವ ಹಾಗಿಲ್ಲ.

ನನಗಿಂತ ಮೊದಲಿನ ಸರದಿ ಸಾಗರದ ಕಡೆಯ ಒಬ್ಬ ಅಕ್ಕನದು. ಅಡುಗೆ ಬ್ಲಾಗ್. ತೆಗೆದುಕೊಟ್ಟಿದ್ದು ಕಳಲೆ ಪಲ್ಯದ ಬರಹ. ಹುಡುಗ ಹೆಬ್ಬೆರಳಿನಲ್ಲಿ ಸರ್‍ರನೆ ಕೆಳಗೆ ಹೋದ. ಅಜ್ಜಿ, ಮಳೆ, ಬಿದಿರು ಮೆಳೆ, ಎಲ್ಲ ದಾಟಿ ಸೀದಾ ಸಾಮಗ್ರಿ ಪಟ್ಟಿಗೆ. ಆಮೇಲೆ ತಲೆ ಎತ್ತಿ, “ಇದನ್ನ ಎಷ್ಟು ದಿನ ನೆನೆಸಬೇಕು?” ಅಂದ. ಅಕ್ಕನಿಗೆ ತಡೆಯಲಿಲ್ಲ. “ಅಲ್ಲೇ ಬರೆದಿದ್ದೀನಲ್ಲಪ್ಪ, ದಿನಾ ನೀರು ಬದಲಾಯಿಸಿ ಮೂರು ದಿನ ಅಂತ!” ಟೇಬಲ್ ನೋಡಿಕೊಳ್ಳುತ್ತಿದ್ದ ಹುಡುಗಿ, “ಅಕ್ಕ, ನೀವು ಮಾತಾಡೋ ಹಾಗಿಲ್ಲ” ಅಂತ ನಕ್ಕಳು. ಬರೆದಿದ್ದು ನಿಜ, ಆದರೆ ಅಜ್ಜಿಯ ಕಥೆಯ ಒಳಗೆ ಬರೆದಿದ್ದರು. ಅಕ್ಕ ಅಲ್ಲೇ ಕೂತು ಫೋನಿನಲ್ಲೇ ಆ ಸಾಲನ್ನು ಪಟ್ಟಿಯ ಮೇಲಕ್ಕೆ ತಂದರು.

ಪಕ್ಕದ ಟೇಬಲಿನಲ್ಲಿ ಭದ್ರಾವತಿಯ ನಿವೃತ್ತ ಮೇಷ್ಟ್ರೊಬ್ಬರು ಇದ್ದರು. ಅವರ ಬರಹದ ಎರಡೂ ಅಂಚು ಪುಸ್ತಕದ ಹಾಗೆ ಸಮ. ಕಂಪ್ಯೂಟರಿನಲ್ಲಿ ಲಕ್ಷಣವಾಗಿತ್ತು. ಫೋನಿನ ಅಗಲಕ್ಕೆ ಬಂದಾಗ ಕನ್ನಡದ ಉದ್ದ ಪದಗಳು ಎರಡೆರಡೇ ಹಿಡಿಸಿ ನಡುವೆ ಇಷ್ಟಿಷ್ಟು ಖಾಲಿ. ಓದುತ್ತಿದ್ದ ಹುಡುಗಿ ಪಾಪ ಏನೂ ಹೇಳಲಿಲ್ಲ. ಸಾಲಿನ ಕೊನೆಯಲ್ಲೆಲ್ಲ ಅವಳ ಕಣ್ಣು ಎಡವುವುದು ಎದುರು ಕೂತವರಿಗೆ ಕಾಣುತ್ತಿತ್ತು. ಮೇಷ್ಟ್ರಿಗೂ ಕಂಡಿತು.

ನನಗೆ ಸಿಕ್ಕಿದವಳು ಚಳ್ಳಕೆರೆ ಕಡೆಯಿಂದ ಬಂದು ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿರುವ ಹುಡುಗಿ. ಅಡಿಕೆ ತೋಟದ ಒಳಗೆ ಕಾಲಿಟ್ಟವಳಲ್ಲ. ಸುಲಿತದ ಬಗ್ಗೆ ನಾನು ಬರೆದಿದ್ದರಲ್ಲಿ ಮೊದಲ ಎರಡು ಪ್ಯಾರಾ ನಿಧಾನಕ್ಕೆ ಓದಿದಳು. ಫೋಟೋ ಬಂದ ಕೂಡಲೇ ನಿಂತಳು. ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ಮೆಟ್ಟುಗತ್ತಿಯನ್ನೇ ನೋಡುತ್ತ, “ಅಂಕಲ್, ಇದರ ಮೇಲೆ ಕೂತ್ಕೊಂಡೇ ಸುಲೀತಾರಾ? ಕೈ ಕೊಯ್ಕೊಳಲ್ವಾ?” ಅಂದಳು. ಇಡೀ ಬರಹದಲ್ಲಿ ಕತ್ತಿಯ ಬಗ್ಗೆ ಒಂದು ಮಾತೂ ಇರಲಿಲ್ಲ. ನಮಗೆ ಅದು ಹೇಳುವ ವಿಷಯ ಅನ್ನಿಸುವುದೇ ಇಲ್ಲವಲ್ಲ. ಇಷ್ಟು ಕಾಲ ಬ್ಲಾಗಿನ ಅಂಕಿ ನೋಡುತ್ತಿದ್ದೆ. ಒಬ್ಬರು ಓದುವಾಗ ಎಲ್ಲಿ ನಿಲ್ಲುತ್ತಾರೆ ಅಂತ ನೋಡಿದ್ದು ಅವತ್ತು. ಮನೆಯವರ ಹತ್ತಿರ ಓದಿಸಿದರೆ ಇದು ಸಿಗುವುದಿಲ್ಲ. ನಮ್ಮ ಮುಖ ನೋಡಿಕೊಂಡು ಚೆನ್ನಾಗಿದೆ ಅಂದುಬಿಡುತ್ತಾರೆ.

ಹಾಗಾಗಿ ಇಂಥ ಕಡೆ ಹೋಗುವವರು ತಯಾರಿಯನ್ನೆಲ್ಲ ಇದಕ್ಕೇ ಮಾಡಿಕೊಳ್ಳಿ ಅಂತ ನನ್ನ ಸಲಹೆ. ತುಂಬ ಮೆಚ್ಚುಗೆ ಸಿಕ್ಕ ಬರಹ ತೋರಿಸಬೇಡಿ. ಯಾಕೆ ಯಾರೂ ಓದಲಿಲ್ಲ ಅಂತ ನಿಮಗೇ ಅರ್ಥವಾಗದ ಬರಹ ಇರುತ್ತದಲ್ಲ, ಅದನ್ನು ಒಯ್ಯಿರಿ. ಸಭಾಂಗಣದ ವೈಫೈ ನಂಬಬೇಡಿ. ಅಲ್ಲಿ ಮೊದಲ ಗಂಟೆಯಲ್ಲೇ ಕೈಕೊಟ್ಟಿತು, ಮೊಬೈಲ್ ನೆಟ್‌ವರ್ಕೂ ಆಗಾಗ ಹೋಗುತ್ತಿತ್ತು. ಆ ಬರಹದ ಪುಟವನ್ನು ನಿಮ್ಮ ಫೋನಿನಲ್ಲಿ ಮೊದಲೇ ಉಳಿಸಿಟ್ಟುಕೊಳ್ಳಿ. ನಾನು ಅಂಗಡಿಯಲ್ಲೇ ಬ್ಲಾಗಿನ ವಿಳಾಸದ ಕ್ಯೂಆರ್ ಕೋಡನ್ನು ಸಣ್ಣ ಚೀಟಿಗಳಾಗಿ ಮುದ್ರಿಸಿಕೊಂಡು ಹೋಗಿದ್ದೆ. ವಿಸಿಟಿಂಗ್ ಕಾರ್ಡಿನ ಖರ್ಚಿಲ್ಲ. ಊಟದ ಸಾಲಿನಲ್ಲಿ ಕೊಟ್ಟರೆ ಅಲ್ಲೇ ಫೋನು ಹಿಡಿದು ತೆರೆಯುತ್ತಾರೆ. ಆಗಲೂ ಮಾತಾಡದೆ ಸುಮ್ನೆ ನೋಡುತ್ತ ನಿಲ್ಲಿ. ನೀವು ಕೊಟ್ಟ ಹಾಗೆ ಅವರದನ್ನೂ ಕೇಳಿ ಓದಿ. ಕೇಳಿದರೆ ಖುಷಿಪಡುತ್ತಾರೆ.

ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರಕ್ಕೆ ಹೋಗಿಬಂದವರಿಗೆ ಈ ರೀತಿ ಹೊಸದಲ್ಲ. ಅಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಬೆಳಗ್ಗೆ ಎಲ್ಲರೂ ಕೂತು ಮಾತಾಡುತ್ತಾರೆ, ಆಡಿದವರೂ ಕೇಳಿಸಿಕೊಳ್ಳುತ್ತಾರೆ. ಪಕ್ಕದ ತಾಲೂಕಿನಲ್ಲಿ ಇಷ್ಟು ಒಳ್ಳೆಯ ಮಾದರಿ ಇರುವಾಗ ಇವರು ಓದುಗರ ಟೇಬಲ್‌ಗೆ ಒಂದೂವರೆ ಗಂಟೆ ಕೊಟ್ಟು ಸನ್ಮಾನಕ್ಕೆ ಎರಡು ಗಂಟೆ ಕೊಟ್ಟಿದ್ದು ನನಗಂತೂ ಹಿಡಿಸಲಿಲ್ಲ.

ಊಟಕ್ಕೆ ಪೂರ್ತಿ ಅಂಕ. ಮೊದಲ ದಿನ ಅಕ್ಕಿರೊಟ್ಟಿ, ಎಣಗಾಯಿ, ಒಂದೆಲಗದ ತಂಬುಳಿ. ಎರಡನೇ ದಿನ ಬಿಸಿ ಕಡುಬು, ಚಟ್ನಿ, ಅಪ್ಪೆಮಿಡಿ ಉಪ್ಪಿನಕಾಯಿ. ಬೆಂಗಳೂರಿನವರು ತಂಬುಳಿಯನ್ನು ಮಜ್ಜಿಗೆ ಅಂತ ಲೋಟಕ್ಕೆ ಹಾಕಿಸಿಕೊಂಡು ಕುಡಿದರು. ಕುಡಿದು ಇನ್ನೊಂದು ಲೋಟ ಕೇಳಿದರು. ತಡವಾಗಿ ಬಡಿಸಿದ್ದೊಂದೇ ದೂರು, ಎರಡೂವರೆಗೆ ಎಲೆ ಮುಂದೆ ಕೂತೆವು. ಬೆಳಗಿನ ತಿಂಡಿ ಶುಲ್ಕದಲ್ಲಿ ಇರಲಿಲ್ಲ, ಮೀನಾಕ್ಷಿ ಭವನ ಇರುವ ಊರಿನಲ್ಲಿ ಅದೊಂದು ಕೊರತೆಯೇ ಅಲ್ಲ.

ಉಳಿಯುವ ವ್ಯವಸ್ಥೆ ನಮ್ಮದೇ. ಮೊದಲ ದಿನ ಸಂಜೆಯ ಕಾರ್ಯಕ್ರಮ ರಾತ್ರಿ ಎಂಟೂವರೆಗೆ ಎಳೆದರು. ತೀರ್ಥಹಳ್ಳಿ ಅರವತ್ತು ಕಿಲೋಮೀಟರ್, ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಕಾಡಿನ ದಾರಿ. ಅಷ್ಟು ಹೊತ್ತಿನಲ್ಲಿ ಬಸ್ಸು ಕಾಯುವುದಕ್ಕಿಂತ ಬಸ್ ನಿಲ್ದಾಣದ ಹತ್ತಿರ ಲಾಡ್ಜ್ ಹಿಡಿಯುವುದೇ ಸಲೀಸು. ಒಬ್ಬರೇ ಬರುವ ಹೆಣ್ಣುಮಕ್ಕಳು ಈ ವಿಷಯವನ್ನು ಆಯೋಜಕರ ಹತ್ತಿರ ಮೊದಲೇ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು. ಸಾಗರದ ಅಕ್ಕ ಇದೇ ಕಾರಣಕ್ಕೆ ಸಂಜೆ ಐದಕ್ಕೇ ಹೊರಟು, ಮರುದಿನ ಬೆಳಗ್ಗೆ ಮತ್ತೆ ಬಂದರು.

ಐದಕ್ಕೆ ಮೂರು ಕೊಡುತ್ತೇನೆ. ಮುಂದಿನ ವರ್ಷ ಒಂದೇ ದಿನಕ್ಕೆ ಟಿಕೆಟ್ ಕೊಡುತ್ತಾರಾ ಅಂತ ಕೇಳಿದೆ. ಯೋಚನೆ ಮಾಡುತ್ತೇವೆ ಅಂದರು. ಕೊಟ್ಟರೆ ನಾನು ಎರಡನೇ ದಿನದ್ದು ತೆಗೆದುಕೊಳ್ಳುತ್ತೇನೆ. ಕೊಡದಿದ್ದರೂ ಹೋಗುತ್ತೇನೆ, ಮೊದಲ ದಿನ ಮಧ್ಯಾಹ್ನದ ಊಟದ ಹೊತ್ತಿಗೆ.