ಮೊದಲ ಹಿತ್ತಲಿಗೆ ಹೆಸರಘಟ್ಟದ ಅರ್ಕ ಬೀಜಗಳು

ತುಮಕೂರಿನಲ್ಲಿ ನಾವು ಕಟ್ಟಿಸಿದ ಮನೆಯ ಹಿಂದೆ 10 ಅಡಿ ಅಗಲ, 15 ಅಡಿ ಉದ್ದದ ಜಾಗ ಎರಡು ವರ್ಷ ಬರಿದಾಗಿಯೇ ಬಿದ್ದಿತ್ತು. ಕಳೆದ ವರ್ಷ ಮೃಗಶಿರಾ ಮಳೆ ಹಿಡಿಯುವ ಮುಂಚೆ ಅಲ್ಲಿ ತರಕಾರಿ ಬೆಳೆಯಬೇಕೆಂದು ನಿಶ್ಚಯಿಸಿದಾಗ ನನಗಾಗಲಿ ನನ್ನ ಪತ್ನಿಗಾಗಲಿ ಒಂದು ಸಸಿ ನೆಟ್ಟ ಅನುಭವವೂ ಇರಲಿಲ್ಲ. ಬೀಜವನ್ನು ಎರಡು ಕಡೆಯಿಂದ ತಂದೆವು: ಒಂದು ಅಂಗಡಿಯಿಂದ ಹನ್ನೆರಡು ಬಗೆಯ ತರಕಾರಿಗಳ ಕಿಟ್, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ನಾಲ್ಕು ಪೊಟ್ಟಣ. 1967ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ತಾನು ಅಭಿವೃದ್ಧಿಪಡಿಸಿದ ತಳಿಗಳ ಹೆಸರಿನ ಮುಂದೆ ‘ಅರ್ಕ’ ಎಂದು ಸೇರಿಸುತ್ತದೆ. ಆನ್‌ಲೈನ್ ಮೂಲಕವೂ ಬೀಜ ಮಾರುತ್ತದೆ. ಒಂದು ಹಂಗಾಮು ಪೂರ್ತಿ ಬೆಳೆದು ನೋಡಿದ ಮೇಲೆ ಈ ಬೀಜಗಳ ಬಗ್ಗೆ ಬರೆಯುತ್ತಿದ್ದೇನೆ.

ಕಿಟ್‌ನ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಅದರ ಪೊಟ್ಟಣಗಳ ಮೇಲೆ ಅಂದವಾದ ಚಿತ್ರಗಳಿದ್ದವೇ ಹೊರತು ತಳಿಯ ಹೆಸರಾಗಲಿ, ಮೊಳಕೆಯ ಪ್ರಮಾಣವಾಗಲಿ, ಪರೀಕ್ಷೆ ಮಾಡಿದ ದಿನಾಂಕವಾಗಲಿ ಇರಲಿಲ್ಲ. ಹನ್ನೆರಡರಲ್ಲಿ ಮೊಳೆತದ್ದು ಮೆಂತ್ಯ ಮತ್ತು ಮೂಲಂಗಿ ಮಾತ್ರ. ಬೀಜ ಕೊಳ್ಳುವಾಗ ಚಿತ್ರ ಬಿಟ್ಟು ಚೀಟಿ ಓದಬೇಕೆಂಬುದು ನನಗೆ ಆಗ ತಿಳಿಯಿತು. ಪ್ರಮಾಣೀಕೃತ ಬೀಜಕ್ಕೆ ನಮ್ಮಲ್ಲಿ ಕನಿಷ್ಠ ಮೊಳಕೆಯ ಪ್ರಮಾಣ ಬೆಂಡೆಗೆ ಶೇ. 65, ಟೊಮೆಟೊಗೆ ಶೇ. 70 ಎಂದು ನಿಗದಿಯಾಗಿದೆ. ಪರೀಕ್ಷೆಯಾದ ದಿನದಿಂದ ಸಾಮಾನ್ಯವಾಗಿ 9 ತಿಂಗಳ ಬಳಕೆಯ ಅವಧಿಯನ್ನೂ ನಮೂದಿಸುತ್ತಾರೆ. ಈ ವಿವರಗಳೇ ಇಲ್ಲದ ಪೊಟ್ಟಣ ಎಷ್ಟು ಅಗ್ಗವಾಗಿದ್ದರೂ ಹೊಸಬರು ಅದನ್ನು ಕೊಳ್ಳಬಾರದು, ಏಕೆಂದರೆ ಬೀಜ ಮೊಳೆಯದಿದ್ದಾಗ ತಪ್ಪು ಬೀಜದ್ದೋ ತಮ್ಮದೋ ಎಂದು ತಿಳಿಯುವ ದಾರಿಯೇ ಅವರಿಗೆ ಇರುವುದಿಲ್ಲ.

ಹೆಸರಘಟ್ಟದ ನಾಲ್ಕರಲ್ಲಿ ನನ್ನ ಮೆಚ್ಚುಗೆ ಮೊದಲು ಸಲ್ಲುವುದು ‘ಅರ್ಕ ಸುಗುಣ’ ಎಂಬ ದಂಟಿನ ಸೊಪ್ಪಿಗೆ. ಇದು ಮತ್ತೆ ಮತ್ತೆ ಕೊಯ್ಯಬಹುದಾದ ತಳಿ. ಬಿತ್ತಿದ 25ರಿಂದ 30 ದಿನಗಳಲ್ಲಿ ಮೊದಲ ಕೊಯ್ಲಿಗೆ ಬಂದು ಸುಮಾರು 90 ದಿನಗಳವರೆಗೆ ಸೊಪ್ಪು ಕೊಡುತ್ತದೆ. ಬೀಜ ಸಾಸಿವೆಗಿಂತಲೂ ಸಣ್ಣದಾದ್ದರಿಂದ ಹಾಗೆಯೇ ಎರಚಿದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಒಣ ಮರಳಿನಲ್ಲಿ ಬೆರೆಸಿ ಸಾಲಾಗಿ ಉದುರಿಸಿ, ಮೇಲೆ ತೆಳುವಾಗಿ ಮಣ್ಣು ಮುಚ್ಚಿ, ಸಣ್ಣ ತೂತುಗಳಿರುವ ಕ್ಯಾನ್‌ನಿಂದ ನೀರು ಹಾಕಿದೆವು. ನಾಲ್ಕನೆಯ ದಿನ ಕೆಂಪು ಛಾಯೆಯ ಮೊಳಕೆಗಳ ಗೆರೆ ಮೂಡಿದ್ದನ್ನು ಕಂಡಾಗ ಆದ ಸಂತೋಷವನ್ನು ನಾನು ಇಂದಿಗೂ ಮರೆತಿಲ್ಲ. ಮೊದಲ ಬಾರಿ ಬೆಳೆಯುವವರಿಗೆ ಬೇಗನೆ ಕೈಗೆ ಸಿಗುವ ಫಲ ಬಹಳ ಮುಖ್ಯ. ಒಂದೇ ತಿಂಗಳಲ್ಲಿ ಮನೆಯ ಸೊಪ್ಪಿನ ಹುಳಿ ಊಟದ ಎಲೆಗೆ ಬಂದರೆ ಮುಂದಿನ ಎರಡು ತಿಂಗಳು ಕಾಯುವ ತಾಳ್ಮೆ ತಾನಾಗಿಯೇ ಹುಟ್ಟುತ್ತದೆ.

‘ಅರ್ಕ ಅನಾಮಿಕ’ ಬೆಂಡೆಯ ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಸಿ, ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಟ್ಟು ಊರಿದೆವು. ಇಪ್ಪತ್ತರಲ್ಲಿ ಹದಿನಾರು ಮೊಳೆತವು. ಆದರೆ ಒಂದೇ ಪೊಟ್ಟಣದ ಬೀಜ ಮಡಿಯ ಒಂದು ತುದಿಯಲ್ಲಿ ಎದೆಮಟ್ಟಕ್ಕೆ ಬೆಳೆದು, ಇನ್ನೊಂದು ತುದಿಯಲ್ಲಿ ಮೊಣಕಾಲು ದಾಟದೆ ನಿಂತುಬಿಟ್ಟಿತು. ಆ ತುದಿಯ ಗಿಡಗಳ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಗೆ ತಿರುಗಿತ್ತು. ಬೆಂಡೆಗೆ ಬಿಳಿನೊಣದಿಂದ ಹರಡುವ ಹಳದಿ ನಂಜು ರೋಗದಲ್ಲಿ ನರಗಳೇ ಹಳದಿಯಾಗುವುದರಿಂದ ಇದು ಆ ರೋಗವಲ್ಲವೆಂದು ಗೊತ್ತಾಯಿತು. ಅಗೆದು ನೋಡಿದರೆ ಅರ್ಧ ಅಡಿ ಕೆಳಗೆ ಮನೆ ಕಟ್ಟುವಾಗ ಸುರಿದ ಸಿಮೆಂಟ್ ಗಾರೆ! ಸಿಮೆಂಟಿನ ಸುಣ್ಣದ ಅಂಶದಿಂದ ಮಣ್ಣು ಕ್ಷಾರವಾಗುತ್ತದೆ; ಹಾಗಾದ ಮಣ್ಣಿನಲ್ಲಿ ಕಬ್ಬಿಣ, ಸತು ಇದ್ದರೂ ಬೇರಿಗೆ ದಕ್ಕದೆ ಎಲೆ ಹಳದಿಯಾಗುತ್ತದೆ.

ಇಲ್ಲಿ ನೆರವಿಗೆ ಬಂದದ್ದು ಅದೇ ಸಂಸ್ಥೆಯ ‘ಅರ್ಕ ವೆಜಿಟೇಬಲ್ ಸ್ಪೆಷಲ್’ ಎಂಬ, ಕಬ್ಬಿಣ ಸತುವಿನಂಥ ಲಘು ಪೋಷಕಾಂಶಗಳ ಪುಡಿ. ನೀರಿನಲ್ಲಿ ಕರಗಿಸಿ ಎಲೆಗಳಿಗೆ ಸಿಂಪಡಿಸುವ ಪುಡಿಯಾದ್ದರಿಂದ ಮಣ್ಣಿನ ದೋಷ ಅದಕ್ಕೆ ಅಡ್ಡ ಬರುವುದಿಲ್ಲ. ಸಿಂಪಡಿಸುವ ನೀರಿಗೆ ನಿಂಬೆರಸವನ್ನೂ ಒಂದು ಸ್ಯಾಶೆ ಶಾಂಪೂವನ್ನೂ ಬೆರೆಸಬೇಕೆಂದು ಸಂಸ್ಥೆಯವರೇ ಸೂಚಿಸುತ್ತಾರೆ. ಶಾಂಪೂ ಸೇರಿದರೆ ದ್ರಾವಣ ಎಲೆಯಿಂದ ಜಾರಿಹೋಗದೆ ಹರಡಿ ಅಂಟಿಕೊಳ್ಳುತ್ತದೆ. ಪ್ರಮಾಣ ಬೆಳೆಯಿಂದ ಬೆಳೆಗೆ ಬೇರೆಯಾಗುವುದರಿಂದ ಪೊಟ್ಟಣವನ್ನು ಓದಿಯೇ ಬಳಸಬೇಕು. ಎರಡು ಸಿಂಪಡಣೆಗಳ ನಂತರ ಹೊಸ ಎಲೆಗಳು ಹಸಿರಾಗಿ ಬಂದವಾದರೂ ಗಿಡಗಳು ಇನ್ನೊಂದು ತುದಿಯವುಗಳ ಸಮಕ್ಕೆ ಬರಲಿಲ್ಲ. ಆದ್ದರಿಂದ ಹೊಸ ಮನೆಯ ಹಿತ್ತಲಿನಲ್ಲಿ ಬೆಳೆಯುವವರು ಬೀಜಕ್ಕೆ ಹಣ ಕೊಡುವ ಮುಂಚೆ ಒಂದು ಅಡಿ ಆಳ ಅಗೆದು, ಗಾರೆ ಇಟ್ಟಿಗೆಚೂರುಗಳನ್ನು ಆರಿಸಿ ತೆಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸುವುದು ಒಳ್ಳೆಯದು. ಹಸಿ ಸಗಣಿ ಹಾಕಿದರೆ ಅದರ ಕಾವಿಗೆ ಬೇರು ಸುಡುವುದಲ್ಲದೆ ಬೇರು ತಿನ್ನುವ ಗೊಣ್ಣೆಹುಳುವೂ ಸೇರಿಕೊಳ್ಳುತ್ತದೆ.

‘ಅರ್ಕ ಕೋಮಲ್’ ಹುರುಳಿಕಾಯಿ ಪೊದೆಯಾಗಿ ಬೆಳೆಯುವುದರಿಂದ ಚಪ್ಪರ ಬೇಕಾಗಲಿಲ್ಲ. ಕಾಯಿ ಎಳೆಯದಾಗಿ ರುಚಿಯಾಗಿತ್ತು. ‘ಅರ್ಕ ರಕ್ಷಕ್’ ಟೊಮೆಟೊ ಎಲೆ ಮುರುಟು ನಂಜು, ದುಂಡಾಣು ಸೊರಗು ರೋಗ, ಎಲೆಚುಕ್ಕೆ ಅಂಗಮಾರಿ ಈ ಮೂರನ್ನೂ ತಡೆಯುವ ಹೈಬ್ರಿಡ್. ನಮ್ಮ ಆರು ಗಿಡಗಳಲ್ಲಿ ಒಂದೂ ಸೊರಗಲಿಲ್ಲ. ಆದರೆ ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜವನ್ನು ಬಿತ್ತಿದರೆ ಅದೇ ಗುಣದ ಗಿಡ ಬರುವುದಿಲ್ಲ. ಪ್ರತಿ ಬಾರಿಯೂ ಹೊಸದಾಗಿ ಕೊಳ್ಳಬೇಕು. ಮೇಲಾಗಿ ಸಸಿಮಡಿ, ನಾಟಿ, ಊರುಗೋಲು ಎಂದು ಕೆಲಸ ಹೆಚ್ಚು. ಮೊದಲ ವರ್ಷ ದಂಟು, ಬೆಂಡೆ, ಹುರುಳಿಕಾಯಿ ಈ ಮೂರು ಪೊಟ್ಟಣ ಸಾಕು. ಟೊಮೆಟೊ ಎರಡನೆಯ ವರ್ಷಕ್ಕಿರಲಿ.

ಅನಾಮಿಕ ಹೈಬ್ರಿಡ್ ಅಲ್ಲ. ಮಡಿಯ ಒಳ್ಳೆಯ ತುದಿಯ ಎರಡು ಗಿಡಗಳಲ್ಲಿ ನಾಲ್ಕು ಕಾಯಿಗಳನ್ನು ಕೊಯ್ಯದೆ ಬಲಿಯಲು ಬಿಟ್ಟು, ಒಣಗಿ ಬಿರಿಯತೊಡಗಿದಾಗ ಬಿಡಿಸಿ, ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟಿದ್ದೇವೆ. ಈ ಸಲದ ಮಳೆಗೆ ಊರಲು ಅಷ್ಟು ಬೀಜ ಸಾಕಾಗುತ್ತದೆ.