ಬಿಸಿ ರೊಟ್ಟಿ, ಖಡಕ್ ರೊಟ್ಟಿ, ಕೊಂಡು ತಂದ ರೊಟ್ಟಿ

ಹೋದ ದೀಪಾವಳಿ ಮುಗಿದ ವಾರ ಅವ್ವನ ಬಲಭುಜ ಹಿಡಿದುಕೊಂಡಿತು. ಕೈ ಹೆಗಲ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಡಾಕ್ಟರು ಗುಳಿಗೆ ಬರೆದುಕೊಟ್ಟು, ವ್ಯಾಯಾಮ ತೋರಿಸಿ, ಕೊನೆಗೆ "ಇನ್ನು ಆರು ತಿಂಗಳು ರೊಟ್ಟಿ ಬಡಿಯಬೇಡಿ ಅಮ್ಮಾ" ಎಂದರು. ಅವ್ವ ಗುಳಿಗೆಗೂ ವ್ಯಾಯಾಮಕ್ಕೂ ತಲೆಯಾಡಿಸಿದಳು. ಈ ಮಾತಿಗೆ ಮಾತ್ರ ಕಿಟಕಿಯ ಕಡೆ ನೋಡಿದಳು.

ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ 9 ಜೋಳದ ರೊಟ್ಟಿ ಬೇಕು. ನನಗೆ ಮೂರು, ಹೆಂಡತಿಗೆ ಎರಡು, ಅವ್ವನಿಗೆ ಒಂದೂವರೆ, ಮಗನಿಗೆ ಒಂದೂವರೆ, ಮಗಳಿಗೆ ಒಂದು. ಅದುವರೆಗೆ ಈ ಲೆಕ್ಕ ನನಗೆ ಗೊತ್ತೇ ಇರಲಿಲ್ಲ. ರೊಟ್ಟಿ ಬುಟ್ಟಿಯಲ್ಲಿ ಇರುತ್ತಿದ್ದವು, ತಿನ್ನುತ್ತಿದ್ದೆವು. ಹೆಂಡತಿ ಶಹಾಬಾದಿನ ಶಾಲೆಯಲ್ಲಿ ಶಿಕ್ಷಕಿ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ತಿರುಗಿ ಬರುವುದು ಸಂಜೆ ಆರೂವರೆಗೆ. ನನ್ನ ಕಚೇರಿ ಕಲಬುರಗಿಯಲ್ಲೇ, ಮನೆಯಿಂದ ಎರಡು ಕಿಲೋಮೀಟರ್. ಹೀಗಾಗಿ ರೊಟ್ಟಿಯ ಹೊಣೆ ಯಾರದು ಎಂಬ ಚರ್ಚೆ ಹೆಚ್ಚು ಹೊತ್ತು ನಡೆಯಲಿಲ್ಲ.

ಆ ಆರು ತಿಂಗಳಲ್ಲಿ ನಾನು ಮಾಡಿ ನೋಡಿದ ದಾರಿಗಳ ಲೆಕ್ಕ ಇದು.

ಮೊದಲು ಯಂತ್ರದ ಕಥೆ ಮುಗಿಸಿಬಿಡುತ್ತೇನೆ. ಉಂಡೆ ಇಟ್ಟು ಒತ್ತಿದರೆ ರೊಟ್ಟಿಯಾಗುತ್ತದೆ ಎಂದು ಜಾಹೀರಾತು ನೋಡಿ ಕಬ್ಬಿಣದ ಒತ್ತುವ ಯಂತ್ರವೊಂದನ್ನು ತರಿಸಿದೆ. ಗೋಧಿ ಹಿಟ್ಟಿಗೆ ಅದು ನಡೆದೀತು. ಜೋಳದ ಉಂಡೆ ನಡುವೆ ದಪ್ಪವಾಗಿ ಉಳಿದು ಅಂಚೆಲ್ಲ ಸೀಳಿತು. ಪ್ಲಾಸ್ಟಿಕ್ ಹಾಳೆ ಹಾಸಿ ಒತ್ತಿದರೆ ಹಾಳೆಗೇ ಅಂಟಿತು. ನಾಲ್ಕನೆಯ ದಿನ ಅದು ಅಟ್ಟ ಸೇರಿತು. ಈಗ ಮಗಳು ಅದರಲ್ಲಿ ಚಿತ್ರಕಲೆಯ ಕಾಗದ ಮಡಿಸದಂತೆ ಇಟ್ಟುಕೊಂಡಿದ್ದಾಳೆ.

ಹಾಗಾದರೆ ಕೈಯಿಂದಲೇ ಆಗಲಿ ಎಂದು ಕುಳಿತೆ. ಅವ್ವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಳು. ಮೊದಲ ವಾರ ಮಾಡಿದ್ದಕ್ಕೆ ರೊಟ್ಟಿ ಎಂಬ ಹೆಸರು ಸಲ್ಲದು. ಕಾರಣ ನನ್ನ ಕೈ ಎಂದುಕೊಂಡಿದ್ದೆ. ಅವ್ವ ಚಿಟಿಕೆ ಹಿಟ್ಟು ತೆಗೆದು ಬೆರಳಲ್ಲಿ ತಿಕ್ಕಿ, "ಇದು ಎಂದು ಬೀಸಿಸಿದ್ದು ಯಪ್ಪಾ?" ಎಂದು ಕೇಳಿದಳು. ಒಂದೂವರೆ ತಿಂಗಳ ಹಿಂದಿನದು. ಜೋಳದಲ್ಲಿ ಗೋಧಿಯಂತೆ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ, ರೊಟ್ಟಿ ನಿಲ್ಲುವುದೇ ಆ ಅಂಟಿನ ಮೇಲೆ. ಹಿಟ್ಟು ಹಳತಾದಷ್ಟೂ ಜಿಗುಟು ಕಡಿಮೆ. ಎಸರು ಚೆನ್ನಾಗಿ ಕುದಿಯದೆ ಬರೀ ಬೆಚ್ಚಗಿದ್ದರೂ ಕಥೆ ಅಷ್ಟೇ. ಮರುದಿನ ಗಿರಣಿಗೆ ಹೋಗಿ ಐದೇ ಕಿಲೋ ಬೀಸಿಸಿಕೊಂಡು ಬಂದೆ. ಜೋಳ ಮಾಲದಂಡಿ ತಳಿಯದು. ಅದೇ ಸಂಜೆ ಮೂರು ರೊಟ್ಟಿ ಉಬ್ಬಿದವು. ಮೂರು ಎಂದು ಬರೆಯುವಾಗ ಈಗಲೂ ಖುಷಿಯಾಗುತ್ತದೆ.

ತಿಂಗಳ ಹೊತ್ತಿಗೆ ಕೈ ಕುದುರಿತು. ಎಸರಿಟ್ಟು, ಹಿಟ್ಟು ನಾದಿ, 9 ರೊಟ್ಟಿ ಬಡಿದು, ಬೇಯಿಸಿ, ಪರಾತ ತೊಳೆದಿಡಲು 50 ನಿಮಿಷ. ಅವ್ವನಿಗೆ ಇದಕ್ಕೆ ಅರ್ಧ ಗಂಟೆ ಸಾಕಾಗುತ್ತಿತ್ತು. ಖರ್ಚು ಹೀಗೆ: ಜೋಳ ಕಿಲೋಗೆ 55 ರೂಪಾಯಿ ಕೊಟ್ಟಿದ್ದೆ, ಬೀಸಲು 6. ಒಂದು ರೊಟ್ಟಿಗೆ 80 ಗ್ರಾಂ ಹಿಟ್ಟು ಎಂದರೆ ರಾತ್ರಿಗೆ 44 ರೂಪಾಯಿ, ಮೇಲೆ ಗ್ಯಾಸ್. ರುಚಿಯಲ್ಲಿ ಇದಕ್ಕೆ ಸರಿಸಾಟಿ ಇಲ್ಲ, ಹಂಚಿನಿಂದ ನೇರ ತಟ್ಟೆಗೆ ಬಿದ್ದ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟರೆ ಪಲ್ಯವೇ ಬೇಡ. ಆದರೆ ದಿನದ 50 ನಿಮಿಷ ಎಲ್ಲಿಂದ ಬರಬೇಕು? ಕಚೇರಿಯಿಂದ ಬಂದು ರೊಟ್ಟಿಗೆ ನಿಂತರೆ ಪಲ್ಯಕ್ಕೆ ಹೊತ್ತಿಲ್ಲ. ಪಲ್ಯಕ್ಕೆ ನಿಂತರೆ ಊಟ ಒಂಬತ್ತೂವರೆಗೆ. ಮಗಳು ಅಷ್ಟರಲ್ಲಿ ನಿದ್ದೆಗೆ ಜಾರಿರುತ್ತಿದ್ದಳು.

ಇದಕ್ಕೆ ಪರಿಹಾರವೆಂದು ಹೆಂಡತಿ ವಾರದ ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಸೋಮವಾರ ಮೆಂತ್ಯೆ ಪಲ್ಯ, ಮಂಗಳವಾರ ಎಣ್ಣೆಗಾಯಿ, ಬುಧವಾರ ಹೆಸರುಕಾಳು, ಹೀಗೆ. ಶಿಕ್ಷಕಿಯ ಅಕ್ಷರ, ಕೆಂಪು ಶಾಯಿಯ ಗೆರೆ, ನೋಡಲು ಚೆಂದ. ಒಂಬತ್ತು ದಿನ ಬಾಳಿತು. ಸೋಮವಾರ ಕಣ್ಣಿ ಮಾರುಕಟ್ಟೆಯಲ್ಲಿ ಮೆಂತ್ಯೆ ಬಾಡಿತ್ತು, ಪುಂಡಿ ಸೊಪ್ಪು ಮಾತ್ರ ಹಸಿಹಸಿಯಾಗಿ ರಾಶಿ ಬಿದ್ದಿತ್ತು. ಪಟ್ಟಿಗಾಗಿ ಬಾಡಿದ ಮೆಂತ್ಯೆ ಕೊಂಡದ್ದು ನಾನು ಮಾಡಿದ ಮೂರ್ಖತನ. ಬಳಿಕ ಪಟ್ಟಿಯಲ್ಲಿ ಅಡುಗೆಯ ಹೆಸರು ಹೊಡೆದುಹಾಕಿ ಬರೀ ಜಾತಿ ಬರೆದೆವು: ಎರಡು ದಿನ ಸೊಪ್ಪು, ಎರಡು ದಿನ ಕಾಳು, ಎರಡು ದಿನ ಕಾಯಿಪಲ್ಯ, ಒಂದು ದಿನ ಕಡಲೆಹಿಟ್ಟಿನ ಝುಣಕ. ಯಾವ ಸೊಪ್ಪು ಎಂಬುದನ್ನು ಮಾರುಕಟ್ಟೆ ಹೇಳಲಿ.

ಜನವರಿಯಲ್ಲಿ ಕೊಂಡು ತರುವ ದಾರಿ ಹಿಡಿದೆ. ನಮ್ಮ ಊರಿನಲ್ಲಿ ರೊಟ್ಟಿ ಕೇಂದ್ರಗಳಿಗೆ ಬರವಿಲ್ಲ. ಒಂದು ಕೋಣೆ, ಮೂರು ಒಲೆ, ನಾಲ್ವರು ಹೆಣ್ಣುಮಕ್ಕಳು, ಸಂಜೆ ಆರರಿಂದ ಪಟಪಟ ಸದ್ದು. ಸ್ವಸಹಾಯ ಸಂಘಗಳ ಮಹಿಳೆಯರು ಮಾಡುವ ರೊಟ್ಟಿಗೆ ಜಿಲ್ಲಾಡಳಿತವೇ 'ಕಲಬುರಗಿ ರೊಟ್ಟಿ' ಎಂದು ಹೆಸರಿಟ್ಟು ಮಾರಾಟಕ್ಕೆ ದಾರಿ ಮಾಡಿಕೊಟ್ಟಿದೆ. ಮನೆಯ ಹೆಣ್ಣುಮಕ್ಕಳು ಲೆಕ್ಕವಿಲ್ಲದೆ ಮಾಡುತ್ತ ಬಂದ ಕೆಲಸಕ್ಕೆ ಬೆಲೆ ಚೀಟಿ ಅಂಟಿದ್ದು ನನಗೇನೋ ಒಳ್ಳೆಯದೆಂದೇ ಕಾಣುತ್ತದೆ.

ಮೊದಲು ಹೋದ ಕೇಂದ್ರದ ರೊಟ್ಟಿ ಬೆಳ್ಳಗೆ, ಮೆತ್ತಗೆ, ಎಲ್ಲ ಒಂದೇ ಅಳತೆಯವು. ಮಗನಿಗೆ ಬಹಳ ಹಿಡಿಸಿತು. ಅವ್ವ ಅರ್ಧ ತಿಂದು ಉಳಿದದ್ದನ್ನು ಮರುದಿನಕ್ಕೆ ಎತ್ತಿಟ್ಟಳು. ಬೆಳಿಗ್ಗೆ ಅದನ್ನು ನನ್ನ ಮುಂದೆ ಹಿಡಿದು ಎಳೆದು ತೋರಿಸಿದಳು. ಆರಿದ ಜೋಳದ ರೊಟ್ಟಿ ಎಳೆದರೆ ಪಟ್ಟನೆ ಮುರಿಯಬೇಕು. ಇದು ರಬ್ಬರಿನಂತೆ ಹಿಗ್ಗಿತು. ಹಿಗ್ಗುವ ಗುಣ ಜೋಳದ್ದಲ್ಲ, ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸಿದ್ದರು. ಬೆರೆಸಿದರೆ ಬಡಿಯುವುದು ಸುಲಭ, ಸೀಳುವುದಿಲ್ಲ, ಗಂಟೆಗೆ ಹೆಚ್ಚು ರೊಟ್ಟಿ ಇಳಿಯುತ್ತವೆ. ಬೆರೆಸಿದ್ದೇವೆ ಎಂದು ಹೇಳಿ ಮಾರಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ.

ಎರಡನೆಯ ಕೇಂದ್ರ ಓಣಿಯ ತಿರುವಿನಲ್ಲೇ ಸಿಕ್ಕಿತು. ಅಲ್ಲಿಯ ಅಕ್ಕ ಹಿಟ್ಟಿನ ಡಬ್ಬಿ ತೆರೆದು ತೋರಿಸಿ, "ನೋಡಿಕೊಳ್ಳಿರಿ ಅಣ್ಣಾ" ಎಂದರು. ಬಿಸಿ ರೊಟ್ಟಿ ಒಂದಕ್ಕೆ 10 ರೂಪಾಯಿ. ರಾತ್ರಿಗೆ 90, ತಿಂಗಳಿಗೆ 2,700. ಮನೆಯಲ್ಲಿ ಮಾಡಿದರೆ ಜೋಳ, ಬೀಸುವ ಕೂಲಿ ಸೇರಿ 1,320. ವ್ಯತ್ಯಾಸದ 1,380 ರೂಪಾಯಿಗೆ ನನಗೆ ದಿನಕ್ಕೆ 50 ನಿಮಿಷದ ಹಾಗೆ ತಿಂಗಳಿಗೆ 25 ಗಂಟೆ ಸಿಗುತ್ತದೆ. ಗಂಟೆಗೆ 55 ರೂಪಾಯಿ. ಈ ಲೆಕ್ಕ ನೋಡಿ ಮೊದಲು ಲಾಭವೆನಿಸಿತು, ಆಮೇಲೆ ಆ ಅಕ್ಕನ ಗಂಟೆಯ ಬೆಲೆ ನೆನೆದು ಸುಮ್ಮನಾದೆ. ಕೊರತೆ ಬೇರೆಯದು. ತಂದ ರೊಟ್ಟಿ ಕಾಗದದೊಳಗೆ ಬೆವರುತ್ತದೆ. ಮನೆಗೆ ತಂದ ಕೂಡಲೇ ಬಿಡಿಸಿ ಬಟ್ಟೆಯ ಮೇಲೆ ಹರವಬೇಕು. ಮದುವೆಯ ದಿನಗಳಲ್ಲಿ ದೊಡ್ಡ ಆರ್ಡರ್ ಬಂದರೆ ನಮ್ಮ 9 ರೊಟ್ಟಿಯನ್ನು ಕೇಳುವವರಿಲ್ಲ. ಒಂದು ಗುರುವಾರ ಎಂಟೂವರೆಗೆ ಬರಿಗೈಯಲ್ಲಿ ತಿರುಗಿ ಬಂದು ಎಲ್ಲರೂ ಮಂಡಕ್ಕಿಯ ಸುಸಲಾ ತಿಂದು ಮಲಗಿದೆವು.

ನಡುವೆ ಚಪಾತಿಯನ್ನೂ ನೋಡಿದೆವು. ಮಕ್ಕಳ ಡಬ್ಬಿಗೆ ಅದೇ ಸರಿ, ಬೆಳಿಗ್ಗೆ ಕಟ್ಟಿದ ಜೋಳದ ರೊಟ್ಟಿ ಮಧ್ಯಾಹ್ನಕ್ಕೆ ಬಿರುಸಾಗುತ್ತದೆ. ರಾತ್ರಿಗೆ ಚಪಾತಿ ತಿಂದ ಅವ್ವ "ಊಟ ಯಾವಾಗ?" ಎಂದು ಕೇಳಿದ್ದರಿಂದ ಆ ವಿಷಯ ಅಲ್ಲಿಗೆ ನಿಂತಿತು.

ಫೆಬ್ರವರಿ ಕೊನೆಯಲ್ಲಿ ಜೇವರ್ಗಿ ಕಡೆಯ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋದೆವು. ಹಿಂಗಾರಿ ಜೋಳದ ಸುಗ್ಗಿಯ ಕಾಲ. ಎಳೆ ತೆನೆ ಸುಟ್ಟು ತಿನ್ನುವ ಸೀತನಿಯ ದಿನ ಮುಗಿದಿತ್ತು, ಅದೊಂದು ಬೇಸರ. ಹೊಸ ಜೋಳದ ಹಿಟ್ಟಿನ ಜಿಗುಟೇ ಬೇರೆ. ಅಕ್ಕ, ಅವಳ ನೆಗೆಣ್ಣಿ, ನೆರೆಮನೆಯ ಇಬ್ಬರು ಸೇರಿ 10 ಕಿಲೋ ಹಿಟ್ಟಿನಲ್ಲಿ 200 ಖಡಕ್ ರೊಟ್ಟಿ ಮಾಡಿದರು. ನನ್ನನ್ನು ಬಡಿಯಲು ಬಿಡಲಿಲ್ಲ, "ನಿನ್ನ ರೊಟ್ಟಿ ದಪ್ಪ, ಒಳಗೆ ಹಸಿ ಉಳಿಯುತ್ತದೆ" ಎಂದು ಅಕ್ಕ ಒಲೆಯ ಬಳಿಗೆ ಅಟ್ಟಿದಳು. ಅವಳು ಹೇಳಿದ್ದು ನಿಜ. ಖಡಕ್ ರೊಟ್ಟಿಗೆ 50 ಗ್ರಾಂ ಹಿಟ್ಟು ಸಾಕು, ಹಪ್ಪಳದಷ್ಟು ತೆಳುವಾಗಬೇಕು. ಬೆಂದ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತ ಒಳಗಿನ ತೇವವನ್ನೆಲ್ಲ ಹೊರಹಾಕಬೇಕು. ತೇವ ಉಳಿದ ಒಂದು ರೊಟ್ಟಿ ಸಾಕು, ಇಡೀ ಅಟ್ಟಿಗೆ ಬೂಸಲು ಹಿಡಿಸಲು.

ತೆಳುವಾದ್ದರಿಂದ ಮಂದಿ ಹೆಚ್ಚು ತಿನ್ನುತ್ತಾರೆ, ನಮಗೆ ರಾತ್ರಿಗೆ 14 ಬೇಕಾಯಿತು. ಆದರೂ ಹಿಟ್ಟಿನ ಲೆಕ್ಕದಲ್ಲಿ ಬಿಸಿ ರೊಟ್ಟಿಯಷ್ಟೇ. ಸಂಜೆಯ ಹೊತ್ತು ಪೂರ್ತಿ ನಮ್ಮದು. ಹಾಗಾದರೆ ಇದೇ ಗೆದ್ದಿತೇ? ಮೊದಲ ವಾರ ಹಾಗೇ ಅನಿಸಿತು. ಎರಡನೆಯ ವಾರ ಎಡವಟ್ಟು ಗೊತ್ತಾಯಿತು. ಪಟ್ಟಿಯ ಪ್ರಕಾರ ಅಂದು ಬೆಂಡೆಕಾಯಿಯ ಒಣ ಪಲ್ಯ. ಖಡಕ್ ರೊಟ್ಟಿ, ಒಣ ಪಲ್ಯ, ಎರಡೂ ಗಂಟಲಲ್ಲಿ ಇಳಿಯುವುದಿಲ್ಲ. ಅವ್ವನ ಹಲ್ಲಿಗಂತೂ ಸಾಧ್ಯವೇ ಇಲ್ಲ. ಅವಳು ನೀರು ಚಿಮುಕಿಸಿ ಬಟ್ಟೆಯಲ್ಲಿ ಸುತ್ತಿ ಕಾಯುತ್ತ ಕುಳಿತಳು.

ಆ ರಾತ್ರಿ ಹೊಳೆದದ್ದು ಇಷ್ಟು: ನಾವು ಪಟ್ಟಿಯನ್ನು ತಲೆಕೆಳಗಾಗಿ ಬರೆದಿದ್ದೆವು. ಪಲ್ಯ ಗೊತ್ತುಮಾಡಿ ರೊಟ್ಟಿ ಹುಡುಕುತ್ತಿದ್ದೆವು. ರೊಟ್ಟಿ ಯಾವುದೆಂದು ಮೊದಲು ಗೊತ್ತಾದರೆ ಪಲ್ಯ ತಾನಾಗಿ ಗೊತ್ತಾಗುತ್ತದೆ. ಖಡಕ್ ರೊಟ್ಟಿಯ ದಿನ ಮುರಿದು ನೆನೆಸಲು ತೆಳುವಾದದ್ದು ಬೇಕು: ಬೇಳೆ, ಬೇಳೆ ಹಾಕಿದ ಪುಂಡಿ ಪಲ್ಯ, ರಸವಿರುವ ಹೆಸರುಕಾಳು, ಏನೂ ಇಲ್ಲದಿದ್ದರೆ ಕೆನೆಮೊಸರು ಮತ್ತು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಬಿಸಿ ರೊಟ್ಟಿಯ ದಿನ ಕೈಯಲ್ಲಿ ಹೊತ್ತಿಲ್ಲ, ಹೀಗಾಗಿ ಹತ್ತು ನಿಮಿಷದ ಝುಣಕ, ಅಗಸೆ ಹಿಂಡಿ, ಹಸಿ ಈರುಳ್ಳಿ ಸಾಕು. ಬಿಸಿ ರೊಟ್ಟಿ ಏನನ್ನಾದರೂ ಹೊತ್ತುಕೊಂಡು ಹೋಗುತ್ತದೆ. ಕೊಂಡು ತರುವ ದಿನ ಮೈಕೈ ಹಗುರ, ಆ ದಿನವೇ ಮುಳಗಾಯಿ (ಬದನೆ) ಸೀಳಿ ಮಸಾಲೆ ತುಂಬಿ ಎಣ್ಣೆಗಾಯಿ ಮಾಡಬೇಕು. ಅವ್ವನಿಗೆ ಇದನ್ನು ಹೇಳಿದಾಗ, ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂದು ಹೇಳಿದವನನ್ನು ನೋಡುವಂತೆ ನೋಡಿದಳು.

ಬೇಳೆಯ ಬಗ್ಗೆ ಒಂದು ಮಾತು, ಖಡಕ್ ರೊಟ್ಟಿಯ ಸಂಸಾರ ನಿಂತಿರುವುದೇ ಅದರ ಮೇಲೆ. ನಮ್ಮದು ತೊಗರಿಯ ಕಣಜ, ಇಲ್ಲಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ. ಅಂಥ ಬೇಳೆ ನನ್ನ ಕುಕ್ಕರಿನಲ್ಲಿ ಐದು ಸೀಟಿಗೂ ಕರಗುತ್ತಿರಲಿಲ್ಲ. ಅಂಗಡಿಯವನನ್ನು ಬೈದುಕೊಂಡಿದ್ದೆ. ತಪ್ಪು ನೀರಿನದು. ಬೋರ್ ನೀರಿನ ಗಡಸುತನದಲ್ಲಿ ಬೇಳೆ ಬೇಗ ಮೆತ್ತಗಾಗುವುದಿಲ್ಲ, ಅದರಲ್ಲಿರುವ ಕ್ಯಾಲ್ಸಿಯಂ ಬೇಳೆಯ ಮೈಯನ್ನು ಬಿಗಿ ಹಿಡಿಯುತ್ತದೆ. ನಳದ ನೀರು ಬಂದ ದಿನ ಎರಡು ಕೊಡ ಬೇಳೆಗೆಂದೇ ಎತ್ತಿಟ್ಟೆ. ಮೂರು ಸೀಟಿಗೆ ಬೆಣ್ಣೆಯಂತಾಯಿತು. ಹುಳಿಯನ್ನೂ ಟೊಮೆಟೊವನ್ನೂ ಬೆಂದ ಮೇಲೆಯೇ ಹಾಕಬೇಕು, ಮೊದಲೇ ಹಾಕಿದರೆ ಮತ್ತೆ ಅದೇ ಗೋಳು.

ಏಪ್ರಿಲ್ ಬಂದಾಗ ಹೋಲಿಕೆಯ ತಕ್ಕಡಿ ಮತ್ತೊಮ್ಮೆ ವಾಲಿತು. ಹೊರಗೆ 42 ಡಿಗ್ರಿ ಬಿಸಿಲು, ಸಂಜೆ ಏಳಕ್ಕೂ ಗೋಡೆ ಕಾವು ಉಗುಳುತ್ತಿರುವಾಗ ಹಂಚಿನ ಮುಂದೆ 50 ನಿಮಿಷ ನಿಲ್ಲುವುದು ಯಾವ ಲೆಕ್ಕಕ್ಕೂ ಹೊಂದುವುದಿಲ್ಲ. ಫ್ಯಾನ್ ಹಾಕಿದರೆ ಗ್ಯಾಸಿನ ಉರಿ ಓಲಾಡುತ್ತದೆ. ಒಂದು ವಾರ ಬೆಳಿಗ್ಗೆ ಐದೂವರೆಗೆ ಎದ್ದು ರೊಟ್ಟಿ ಮಾಡಿಟ್ಟೆ. ರಾತ್ರಿಗೆ ಅವು ಬಿಸಿಯೂ ಅಲ್ಲ, ಖಡಕ್ಕೂ ಅಲ್ಲ, ಅಗಿದಷ್ಟೂ ಮುಗಿಯದಂಥವು. ಅಕ್ಕನಿಗೆ ಫೋನ್ ಮಾಡಿದೆ. ತಿಂಗಳ ಕೊನೆಗೆ ಇನ್ನೊಂದು 200 ಬಂದವು.

ಚಳಿಗಾಲದಲ್ಲಿ ವಾರಕ್ಕೆ ನಾಲ್ಕು ದಿನ ನಾನೇ ಬಡಿಯುವುದು, ಎರಡು ದಿನ ಖಡಕ್, ಒಂದು ದಿನ ತಿರುವಿನ ಅಕ್ಕನ ರೊಟ್ಟಿ ಎಂದು ಈಗ ಗೊತ್ತುಮಾಡಿಕೊಂಡಿದ್ದೇವೆ. ಬೇಸಿಗೆಗೆ ನನ್ನ ಪಾಲು ಎರಡು ದಿನ, ಖಡಕ್ ನಾಲ್ಕು ದಿನ. ಎಳ್ಳಮಾವಾಸ್ಯೆಯ ಹೊತ್ತಿನ ಸಜ್ಜೆ ರೊಟ್ಟಿ ಮಾತ್ರ ಈ ಹೋಲಿಕೆಗೆ ಸೇರುವುದಿಲ್ಲ. ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ, ಬೀಸಿದ ವಾರದೊಳಗೆ ಮಾಡಿ ತಿನ್ನಬೇಕು.

ಡಾಕ್ಟರು ಮೊನ್ನೆ ಅವ್ವನಿಗೆ ದಿನಕ್ಕೆ ಎರಡು ರೊಟ್ಟಿಯ ಅನುಮತಿ ಕೊಟ್ಟಿದ್ದಾರೆ. ಅವ್ವ ಅದನ್ನು ನಾಲ್ಕು ಎಂದು ಕೇಳಿಸಿಕೊಂಡಿದ್ದಾಳೆ. ಡಬ್ಬಿಯಲ್ಲಿ ಇನ್ನೂ 40 ಖಡಕ್ ರೊಟ್ಟಿ ಇವೆ. ಮಳೆ ಹಿಡಿದರೆ ತೇವ ಕುಡಿದು ಮೆತ್ತಗಾಗುತ್ತವೆ, ಅಷ್ಟರೊಳಗೆ ಮುಗಿಸಬೇಕು. ಹೀಗಾಗಿ ಈ ಮೂರು ರಾತ್ರಿ ಪರಾತಕ್ಕೆ ರಜೆ. ಬೇಳೆಗೆ ನಳದ ನೀರು ತುಂಬಿಡುವುದಷ್ಟೇ ನನ್ನ ಕೆಲಸ.